ಇಷ್ಟದ ಸೈಕಲ್‌ಗೆ ಸ್ಪೇರ್ ಅಂತ ಅದೇ ಮಾಡೆಲ್ ಇನ್ನೊಂದು ತಗೊಂಡು ಗೋಡೆಗೆ ತೂಗಾಕಿರೋರು ಇದನ್ನ ಓದಿ

ನಿಮ್ಮ ಹತ್ರ ಜೀವದ ಥರ ನೋಡ್ಕೊಳ್ಳೋ ಒಂದು ಸೈಕಲ್ ಇದ್ದು, ಇದು ಹಾಳಾದ್ರೆ ಏನ್ ಗತಿ ಅಂತ ಅದೇ ಮಾಡೆಲ್ಲು ಅದೇ ಸೈಜು ಅದೇ ಬಣ್ಣದ್ದು ಇನ್ನೊಂದು ತಗೊಂಡು ಎತ್ತಿಟ್ಟಿದ್ರೆ, ಅಥವಾ ತಗೊಳ್ಳೋ ಯೋಚನೆ ಇದ್ರೆ, ದಯವಿಟ್ಟು ಹತ್ತು ನಿಮಿಷ ಕೊಟ್ಟು ಇದನ್ನ ಓದಿ. ನಾನು ಹಂಗೇ ಮಾಡಿದ್ದೆ. ಬಲಗೈ ಮಣಿಕಟ್ಟಿನ ಮೂಳೆ ಮುರ್ಕೊಂಡು ಮೂರು ತಿಂಗಳು ಮನೇಲಿ ಕೂತೆ, ಈಗ್ಲೂ ಬಾಟ್ಲಿ ಮುಚ್ಚಳ ತಿರುಗಿಸೋವಾಗ ಹೆಬ್ಬೆರಳ ಬುಡದಲ್ಲಿ ಚುಳ್ ಅನ್ನುತ್ತೆ.

ಮೊದಲಿಂದ ಹೇಳ್ತೀನಿ. ನಂದು ಸ್ಟೀಲ್ ಫ್ರೇಮಿನ ಟೂರಿಂಗ್ ಸೈಕಲ್ಲು, 26 ಇಂಚಿನ ಚಕ್ರ. ಎಂಟು ವರ್ಷ ಓಡ್ಸಿದ್ದೀನಿ, ಅದರ ಮೇಲೆ ಕೂತ್ರೆ ಕೈ ಕಾಲು ಬೆನ್ನು ಎಲ್ಲಾ ತಂತಾನೇ ಜಾಗಕ್ಕೆ ಹೋಗಿ ಕೂತ್ಕೊಳ್ಳುತ್ತೆ, ಇನ್ಯಾವ ಸೈಕಲ್ಲಲ್ಲೂ ನನಗೆ ಆ ಹಿತ ಸಿಕ್ಕಿಲ್ಲ. ತಗೊಂಡ ಎರಡು ವರ್ಷಕ್ಕೆ ಆ ಮಾಡೆಲ್ ನಿಲ್ಲಿಸ್ತಾರೆ ಅನ್ನೋ ಸುದ್ದಿ ಬಂತು. ಆಗಾಗ್ಲೇ 26 ಇಂಚಿನ ಚಕ್ರ ಹೊಸ ಸೈಕಲ್‌ಗಳಲ್ಲಿ ಕಮ್ಮಿ ಆಗ್ತಾ ಬಂದಿತ್ತು, ಎಲ್ರೂ 27.5 ಮತ್ತೆ 29ರ ಕಡೆ ಹೋಗಿದ್ರು. ನನಗೆ ಗಾಬರಿ ಆಯ್ತು, ಇನ್ನು ಸಿಗಲ್ಲ ಅಂತ ಓಡಿ ಹೋಗಿ ಅಂಥದ್ದೇ ಇನ್ನೊಂದು ತಂದೆ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದ್ರೆ ಅವಳಿ ಮಕ್ಕಳ ಥರ ಇದ್ವು, ಆ ದಿನದ ಸಂತೋಷ ಹೇಳೋಕಾಗಲ್ಲ. ಒಂದೆರಡು ಸಲ ಸುತ್ತಾಕ್ಕೊಂಡು ಬಂದು, ಒರೆಸಿ, ಗೋಡೆಗೆ ಹುಕ್ ಹೊಡೆದು ತೂಗಾಕಿ, ಮೇಲೆ ಬಟ್ಟೆ ಮುಚ್ಚಿದೆ. ನನ್ನ ತಮ್ಮ ಅವತ್ತೇ ಅಂದಿದ್ದ, "ಅಣ್ಣಾ, ಇದನ್ನೂ ವಾರಕ್ಕೊಂದ್ಸಲ ಹೊರಗೆ ತೆಗಿ, ಸುಮ್ನೆ ನೇತಾಕ್ಬೇಡ" ಅಂತ. ನಾನು ಕೇಳ್ಲಿಲ್ಲ. ಆರು ವರ್ಷದಲ್ಲಿ ಅದು ಓಡಿದ್ದು ಒಟ್ಟು ನಲವತ್ತು ಕಿಲೋಮೀಟರೂ ಇರಲ್ಲ.

ಆರು ವರ್ಷ ಆದ್ಮೇಲೆ ಮೊದಲ್ನೇದರಲ್ಲಿ ಪೆಡಲ್ ತುಳಿಯೋವಾಗ ಟಿಕ್ ಟಿಕ್ ಅಂತ ಶಬ್ದ ಶುರುವಾಯ್ತು. ಪೆಡಲ್ ಬಿಚ್ಚಿ ಗ್ರೀಸ್ ಹಾಕಿದೆ, ಸೀಟಿನ ಬೋಲ್ಟ್ ಬಿಗಿ ಮಾಡ್ದೆ, ಹೋಗ್ಲಿಲ್ಲ. ಒಂದಿನ ತಲೆಕೆಳಗೆ ನಿಲ್ಲಿಸಿ ಬಟ್ಟೇಲಿ ಒರೆಸ್ತಾ ಇದ್ದಾಗ ಕ್ರ್ಯಾಂಕಿನ, ಅಂದ್ರೆ ಪೆಡಲ್ ಕೂರೋ ತೋಳಿನ ಹಿಂದೆ, ಚೈನಿನ ಪಕ್ಕದ ಪೈಪಲ್ಲಿ, ಕೂದಲೆಳೆಯಷ್ಟು ಗೆರೆ ಕಾಣ್ತು, ಅಂಚಲ್ಲಿ ತುಕ್ಕಿನ ಕಂದು ಬಣ್ಣ. ಬಣ್ಣ ಬಿರುಕು ಬಿಟ್ಟಿದೆ ಅಂತ ಉಗುರಿಂದ ಕೆರೆದೆ, ಉಗುರು ಅದರೊಳಗೆ ಸಿಕ್ಕಾಕ್ಕೊಳ್ತು. ಫ್ರೇಮೇ ಸೀಳಿತ್ತು. ಬೇಜಾರಾಯ್ತು, ಆದ್ರೆ ಜೊತೆಗೇ ಒಂದು ಧೈರ್ಯ ಇತ್ತು, ಇಂಥ ದಿನಕ್ಕೆ ಅಂತಾನೇ ಅಲ್ವಾ ಇನ್ನೊಂದು ಇಟ್ಟಿರೋದು ಅಂತ.

ಬಟ್ಟೆ ತೆಗೆದೆ. ಬಣ್ಣ ಫಳಫಳ ಹೊಳೀತಿತ್ತು. ಟೈರಿಗೆ ಗಾಳಿ ಹೊಡೆದಾಗ ಪಕ್ಕದ ಗೋಡೆ ಪೂರ್ತಿ ಒಣಗಿದ ಕೆರೆ ತಳದ ಥರ ಸಣ್ಣ ಸಣ್ಣ ಬಿರುಕು ಬಾಯಿ ಬಿಡ್ತು. ರಬ್ಬರು ಓಡದಿದ್ರೂ ಹಳೇದಾಗುತ್ತೆ, ಬಿಸಿಲು, ಗಾಳಿಲಿರೋ ಓಝೋನು ಎರಡೂ ಅದನ್ನ ತಿನ್ನುತ್ತೆ, ಅದ್ರಲ್ಲೂ ಕಿಟಕಿ ಪಕ್ಕ ಇದ್ರೆ ಇನ್ನೂ ಬೇಗ, ನಂದು ಕಿಟಕಿ ಪಕ್ಕಾನೇ ಇತ್ತು. ಎರಡೂ ಟೈರು ಟ್ಯೂಬು ಹೊಸದು ಹಾಕ್ದೆ. ಬ್ರೇಕ್ ರಬ್ಬರು ಗಾಜಿನ ಥರ ಗಟ್ಟಿ ಆಗಿತ್ತು, ಅದನ್ನೂ ಬದಲಾಯಿಸ್ದೆ. ಚೈನಿಗೆ ಎಣ್ಣೆ ಬಿಟ್ಟೆ. ಕಣ್ಣಿಗೆ ಕಂಡಿದ್ದೆಲ್ಲಾ ಸರಿ ಮಾಡ್ದೆ, ಮುಗೀತು ಅನ್ಕೊಂಡೆ. ಇಲ್ಲೇ ನಾನು ತಪ್ಪಿದ್ದು, ಕಣ್ಣಿಗೆ ಕಾಣದ ಜಾಗದಲ್ಲಿ ಆರು ವರ್ಷದಿಂದ ಏನಾಗಿದೆ ಅನ್ನೋದು ತಲೆಗೇ ಬರ್ಲಿಲ್ಲ.

ಎರಡು ದಿನ ಚೆನ್ನಾಗೇ ಓಡ್ತು. ಮೂರನೇ ದಿನ ಬೆಳಗ್ಗೆ ಬೇಗ ಹೊರಟೆ, ಚಳಿ ಇತ್ತು, ಒಂದು ಏರಲ್ಲಿ ಎದ್ದು ನಿಂತು ಪೆಡಲ್ ತುಳೀತಾ ಇದ್ದೆ. ಮೈಭಾರ ಎಲ್ಲಾ ಬಲಗಾಲ ಮೇಲೆ ಇದ್ದಾಗ ಪೆಡಲ್ಲು ಏನೂ ಹಿಡಿತ ಇಲ್ದೆ ಗಾಳಿಲಿ ತಿರುಗಿದ ಥರ ಸರ್ರಂತ ಕೆಳಗೆ ಹೋಯ್ತು. ಚೈನ್ ಕಡಿದಿಲ್ಲ, ಬಿದ್ದಿಲ್ಲ, ಪೆಡಲ್ ಮಾತ್ರ ಚಕ್ರನ ಎಳೀತಿಲ್ಲ. ಎದೆ ಹೋಗಿ ಹ್ಯಾಂಡಲ್‌ಗೆ ಬಡೀತು, ಸೈಕಲ್ ಪಕ್ಕಕ್ಕೆ ವಾಲ್ತು, ನಾನು ಬಲಗೈ ಊರಿ ಬಿದ್ದೆ. ಹಿಂದೆ ಗಾಡಿ ಇರ್ಲಿಲ್ಲ ಅನ್ನೋದೊಂದೇ ಪುಣ್ಯ. ಇದನ್ನ ಬರೀವಾಗ್ಲೂ ಆ ಕ್ಷಣ ನೆನೆಸ್ಕೊಂಡ್ರೆ ಹೊಟ್ಟೇಲಿ ತಣ್ಣಗಾಗುತ್ತೆ.

ಕಾರಣ ಏನು ಅಂದ್ರೆ, ಹಿಂದಿನ ಚಕ್ರದ ನಡುವಿನ ಗುಂಬ, ಅಂದ್ರೆ ಹಬ್ಬಿನೊಳಗೆ, ಹಲ್ಲಿನ ಚಕ್ರಗಳು ಕೂತಿರೋ ಭಾಗದಲ್ಲಿ, ಉಗುರಿನಷ್ಟು ಉಕ್ಕಿನ ಕೊಕ್ಕೆಗಳು ಇರ್ತವೆ. ಅದರ ಹಿಂದೆ ಕೂದಲಷ್ಟು ಸಣ್ಣ ಸ್ಪ್ರಿಂಗು. ಪೆಡಲ್ ನಿಲ್ಲಿಸಿದಾಗ ಟಕ ಟಕ ಟಕ ಅಂತ ಕೇಳುತ್ತಲ್ಲ ಅದು ಆ ಕೊಕ್ಕೆಗಳು ಹಬ್ಬಿನ ಒಳಗಿರೋ ಹಲ್ಲಿನ ಮೇಲೆ ಹಾರ್ಕೊಂಡು ಹೋಗೋ ಶಬ್ದ. ಮುಂದಕ್ಕೆ ತುಳಿದಾಗ ಅದೇ ಕೊಕ್ಕೆ ಎದ್ದು ಹಲ್ಲಿಗೆ ಸಿಕ್ಕಾಕ್ಕೊಂಡು ಚಕ್ರನ ತಿರುಗಿಸುತ್ತೆ. ವರ್ಷಗಟ್ಟಲೆ ನಿಂತ್ರೆ ಒಳಗಿನ ಗ್ರೀಸು ಗಟ್ಟಿಯಾಗಿ ಮೇಣದ ಥರ ಅಂಟ್ಕೊಂಡು ಕೊಕ್ಕೆ ಏಳೋದೇ ಇಲ್ಲ, ಎದ್ರೂ ಅರ್ಧಂಬರ್ಧ ಎದ್ದು ಹಲ್ಲಿನ ತುದಿ ಮಾತ್ರ ಹಿಡ್ಕೊಂಡಿರುತ್ತೆ. ಸಮತಟ್ಟಲ್ಲಿ ಅಷ್ಟು ಸಾಕು, ಏರಲ್ಲಿ ಭಾರ ಬಿದ್ರೆ ಜಾರುತ್ತೆ, ಚಳಿ ಇದ್ರೆ ಗ್ರೀಸ್ ಇನ್ನಷ್ಟು ಗಟ್ಟಿ. ಮೆಕ್ಯಾನಿಕ್ ಬಿಚ್ಚಿ ತೋರ್ಸಿದ್ರು, ಒಳಗಡೆ ಜೇನು ಬಣ್ಣದ ಅಂಟು, ಕೊಕ್ಕೇನ ಸೂಜಿ ತುದೀಲಿ ಒತ್ತಿದ್ರೆ ಒಳಗೆ ಹೋಯ್ತು, ವಾಪಸ್ ಬರ್ಲೇ ಇಲ್ಲ. ಒಂದು ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಗಿತ್ತು. ಈಗ ಯೋಚನೆ ಮಾಡಿದ್ರೆ ಮೊದಲ ದಿನಾನೇ ಗೊತ್ತಾಗ್ಬೇಕಿತ್ತು, ಯಾಕಂದ್ರೆ ಆ ಸೈಕಲ್ಲು ಪೆಡಲ್ ನಿಲ್ಸಿದ್ರೂ ಶಬ್ದ ಮಾಡ್ತಿರ್ಲಿಲ್ಲ. ಹೊಸದು, ಎಷ್ಟು ನಯವಾಗಿ ಓಡುತ್ತೆ ನೋಡು ಅಂತ ಖುಷಿ ಪಟ್ಟಿದ್ದೆ. ನಿಮ್ಮ ಸೈಕಲ್ಲು ಮೊದಲು ಟಕಟಕ ಅಂತಿದ್ದು, ನಿಂತು ಎದ್ಮೇಲೆ ಸದ್ದಿಲ್ಲದೆ ತಿರುಗಿದ್ರೆ ಅದರ ಮೇಲೆ ಹತ್ತಲೇ ಬೇಡಿ. ಹಿಂದಿನ ಚಕ್ರ ಎತ್ತಿ, ಪೆಡಲ್ ಹಿಂದಕ್ಕೆ ತಿರುಗಿಸಿ ಕಿವಿ ಕೊಟ್ಟು ಕೇಳಿ, ಎರಡು ನಿಮಿಷದ ಕೆಲಸ.

ಕೈ ವಿಷ್ಯಾನೂ ಹೇಳ್ಬೇಕು, ಸೈಕಲ್ ಓಡ್ಸೋರಿಗೆಲ್ಲಾ ಬೇಕಾದ ಮಾತು ಇದು. ಕೈ ಊರಿ ಬಿದ್ದಾಗ ಹೆಬ್ಬೆರಳ ಬುಡದ ಹತ್ರ ಸ್ಕೇಫಾಯ್ಡ್ ಅನ್ನೋ ಪುಟ್ಟ ಮೂಳೆ ಮುರಿಯೋದು ಜಾಸ್ತಿ, ಮತ್ತೆ ಅದು ಮೊದಲ್ನೇ ಎಕ್ಸ್‌ರೇಲಿ ಎಷ್ಟೋ ಸಲ ಕಾಣಲ್ಲ. ನಂದೂ ಕಾಣ್ಲಿಲ್ಲ. ಉಳುಕು ಅಂತ ಅನ್ಕೊಂಡು ಬಟ್ಟೆ ಸುತ್ಕೊಂಡು ಓಡಾಡ್ದೆ, ಹೆಬ್ಬೆರಳ ಬುಡದ ಗುಳೀಲಿ ಒತ್ತಿದ್ರೆ ಜೀವ ಹೋಗೋ ನೋವು. ಎರಡು ವಾರ ಆದ್ಮೇಲೆ ಮತ್ತೆ ತೆಗೆಸಿದಾಗ ಬಿರುಕು ಕಾಣ್ತು. ಆ ಮೂಳೆಗೆ ರಕ್ತ ಹೋಗೋದೇ ಕಮ್ಮಿ, ಹಂಗಾಗಿ ಕೂಡೋದು ನಿಧಾನ. ಅಲ್ಲಿ ನೋವಿದ್ರೆ ಎಕ್ಸ್‌ರೇ ಸರಿ ಇದೆ ಅಂದ್ರೂ ಸುಮ್ಮನಾಗ್ಬೇಡಿ, ಡಾಕ್ಟ್ರ ಹತ್ರ ಮತ್ತೆ ಹೋಗಿ.

ಕೈ ವಾಸಿಯಾಗಿ ಬಂದ್ಮೇಲೂ ಕಥೆ ಮುಗೀಲಿಲ್ಲ. ಆ ಹಬ್ಬಿನ ಒಳಗಿನ ಭಾಗ ಸಿಗೋದು ಕಷ್ಟ ಆಯ್ತು, ಮಾಡೆಲ್ ಜೊತೆ ಅದೂ ನಿಂತೋಗಿತ್ತು. ಸರಿ, ಮೊದಲ್ನೇ ಸೈಕಲ್ಲಿನ ಹಿಂದಿನ ಚಕ್ರ ಇದ್ಯಲ್ಲಾ, ಎರಡೂ ಒಂದೇ ಅಲ್ವಾ ಅಂತ ಅದನ್ನ ಬಿಚ್ಚಿ ಇದಕ್ಕೆ ಹಾಕ್ದೆ. ಚಕ್ರ ಸರಿಯಾಗೇ ಕೂತ್ಕೊಳ್ತು, ಆದ್ರೆ ತುಳಿದ್ರೆ ಚೈನು ಕಟಕ್ ಕಟಕ್ ಅಂತ ಹಲ್ಲು ಹಾರೋದು. ಒಂದ್ಸಲ ಬಿದ್ದೋನಿಗೆ ಆ ಶಬ್ದ ಕೇಳಿದ್ರೆ ಹೆಂಗಿರುತ್ತೆ ಹೇಳಿ. ವಿಷ್ಯ ಏನಂದ್ರೆ, ಚೈನೂ ಹಲ್ಲೂ ಜೊತೆಜೊತೆಗೇ ಸವೀತವೆ, ಒಂದಕ್ಕೊಂದು ಒಗ್ಗಿರ್ತವೆ. ಎಂಟು ವರ್ಷ ತುಳಿದ ಹಲ್ಲಿನ ಮೇಲೆ ನಲವತ್ತು ಕಿಲೋಮೀಟರ್ ಓಡಿದ ಚೈನ್ ಹಾಕಿದ್ರೆ ಅದು ಕೂರಲ್ಲ. ಹೊಸ ಚೈನಲ್ಲಿ 12 ಇಂಚಿಗೆ ಸರಿಯಾಗಿ 24 ಅರ್ಧ ಇಂಚಿನ ಕೊಂಡಿ ಬರುತ್ತೆ, ಅಷ್ಟೇ ಕೊಂಡಿಗಳ ಅಳತೆ ಒಂದಿಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂತು ಅಂದ್ರೆ ಚೈನ್ ಬದಲಾಯಿಸೋ ಕಾಲ, ಎಂಟನೇ ಒಂದು ಭಾಗ ಬಂತು ಅಂದ್ರೆ ಹಲ್ಲೂ ಹೋಗಿರೋ ಸಾಧ್ಯತೆ ಜಾಸ್ತಿ. ಒಂದು ಸ್ಕೇಲ್ ಇದ್ರೆ ಮನೇಲೇ ನೋಡ್ಬೋದು. ನನ್ನ ಮೊದಲ್ನೇ ಸೈಕಲ್ಲಿನ ಚೈನು ಎಂಟನೇ ಭಾಗ ದಾಟಿತ್ತು. ಕೊನೆಗೆ ಹೊಸ ಕ್ಯಾಸೆಟ್, ಅಂದ್ರೆ ಹಿಂದಿನ ಹಲ್ಲಿನ ಚಕ್ರಗಳ ಸೆಟ್ಟು, ಹಾಕ್ಸಿದೆ.

ಆಮೇಲೆ ಮಂಡಿ ನೋವು ಶುರು. ಮಂಡಿ ಹಿಂಭಾಗದಲ್ಲಿ, ಮೆಟ್ಟಿಲು ಇಳಿಯೋವಾಗ ಎಳೆದಂಗೆ. ಎಂಟು ವರ್ಷದಲ್ಲಿ ಒಂದು ದಿನ ಇಲ್ಲದ್ದು. ಮೊದಲ್ನೇ ಸೈಕಲ್ಲಿನ ಸೀಟಿನ ಎತ್ತರ ಟೇಪಲ್ಲಿ ಅಳೆದು ಇದಕ್ಕೆ ಅಷ್ಟೇ ಇಟ್ಟಿದ್ದೆ, ಒಂದು ಮಿಲಿಮೀಟರ್ ಆಚೀಚೆ ಇಲ್ಲ. ಎಷ್ಟೋ ದಿನ ಆದ್ಮೇಲೆ ಕ್ರ್ಯಾಂಕ್ ಒರೆಸೋವಾಗ ಪೆಡಲ್ ಕೂರೋ ತುದೀಲಿ, ಒಳಗಡೆ ಮಗ್ಗುಲಲ್ಲಿ ಕೆತ್ತಿದ್ದ ನಂಬರ್ ಕಣ್ಣಿಗೆ ಬಿತ್ತು. 175, ಅಂದ್ರೆ ಕ್ರ್ಯಾಂಕಿನ ಉದ್ದ, ಮಿಲಿಮೀಟರ್ ಲೆಕ್ಕದಲ್ಲಿ. ಓಡಿ ಹೋಗಿ ಹಳೇದು ನೋಡ್ದೆ, 170. ಹೆಸರು ಒಂದೇ, ಸೈಜ್ ಸ್ಟಿಕ್ಕರ್ ಒಂದೇ, ಬಣ್ಣ ಒಂದೇ, ಎರಡು ವರ್ಷದ ಅಂತರದಲ್ಲಿ ಕ್ರ್ಯಾಂಕ್ ಮಾತ್ರ ಬೇರೆ ಹಾಕಿ ಕಳ್ಸಿದ್ದಾರೆ. ಐದು ಮಿಲಿಮೀಟರ್ ಏನ್ ಮಹಾ ಅನ್ಬೇಡಿ. ಪೆಡಲ್ ಕೆಳಗೆ ಹೋದಾಗ ಕಾಲು ಐದು ಮಿಲಿಮೀಟರ್ ಹೆಚ್ಚು ಚಾಚ್ಬೇಕು, ಅದಕ್ಕೆ ಅಂತ ಸೀಟ್ ಇಳಿಸಿದ್ರೆ ಪೆಡಲ್ ಮೇಲೆ ಬಂದಾಗ ಮಂಡಿ ಮೊದಲಿಗಿಂತ ಹತ್ತು ಮಿಲಿಮೀಟರ್ ಹೆಚ್ಚು ಮಡಚುತ್ತೆ. ಗಂಟೆಗೆ ನಾಲ್ಕೈದು ಸಾವಿರ ಸಲ ತಿರುಗೋ ಕಾಲಿದು.

2016ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಲ್ಲಿ ಮಾಂಟ್ ವೆಂಟೂ ಬೆಟ್ಟ ಏರುವಾಗ ರೇಸಲ್ಲಿ ಮುಂದಿದ್ದ ಕ್ರಿಸ್ ಫ್ರೂಮ್ ಸೈಕಲ್ ಮುರಿದು, ಮೈಮೇಲೆ ಮುಂದಿರೋರು ಹಾಕೋ ಹಳದಿ ಜರ್ಸಿ ಇಟ್ಕೊಂಡು ರಸ್ತೇಲಿ ಓಡಿದ್ದು ತುಂಬಾ ಜನ ನೋಡಿರ್ತೀರ. ಆಮೇಲೆ ಅವರಿಗೆ ಒಂದು ಸೈಕಲ್ ಸಿಕ್ತು, ಆದ್ರೆ ಅದು ಅವರ ಅಳತೆಗೆ ಹೊಂದ್ಲಿಲ್ಲ, ತಮ್ಮ ಟೀಮಿನ ಸೈಕಲ್ ಬರೋವರೆಗೂ ಒದ್ದಾಡಿದ್ರು. ಅವತ್ತು ಟಿವೀಲಿ ನೋಡಿದ್ದೆ, ಅಯ್ಯೋ ಪಾಪ ಅಂದಿದ್ದೆ, ನಮ್ಮನೆ ಗೋಡೆ ಮೇಲಿರೋದೂ ಅಂಥದ್ದೇ ಅಂತ ಗೊತ್ತಿರ್ಲಿಲ್ಲ.

ಸರಿ ಸೀಟ್ ಇಳಿಸೋಣ ಅಂದ್ರೆ ಸೀಟ್ ಪೈಪು ಅಲ್ಲಾಡ್ಲಿಲ್ಲ. ಫ್ರೇಮ್ ಸ್ಟೀಲು, ಸೀಟ್ ಪೈಪ್ ಅಲ್ಯೂಮಿನಿಯಂ, ಎರಡರ ಮಧ್ಯೆ ತೇವ ಸೇರಿದ್ರೆ ಅಲ್ಯೂಮಿನಿಯಂ ತುಕ್ಕು ಹಿಡಿದಂಗಾಗಿ ಉಬ್ಬಿ ಬೆಸುಗೆ ಹಾಕಿದ ಥರ ಹಿಡ್ಕೊಳ್ಳುತ್ತೆ. ತಂದ ದಿನ ಎಳೆದು ಒಂಚೂರು ಗ್ರೀಸ್ ಸವರಿದ್ದಿದ್ರೆ ಏನೂ ಆಗ್ತಿರ್ಲಿಲ್ಲ. ತುಕ್ಕು ಬಿಡ್ಸೋ ಎಣ್ಣೆ ಬಿಟ್ಟು ಎರಡು ದಿನ ಇಟ್ವಿ, ಇಬ್ರು ಸೇರಿ ತಿರುಗ್ಸಿದ್ವಿ, ಊಹೂಂ. ಕೊನೆಗೆ ಮೆಕ್ಯಾನಿಕ್ ಪೈಪನ್ನ ಮೇಲ್ಗಡೆ ಕುಯ್ದು, ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಕೈಯಲ್ಲೇ ಹಿಡ್ಕೊಂಡು, ಒಳಗಡೆಯಿಂದ ಉದ್ದಕ್ಕೆ ಸೀಳ್ತಾ ಹೋದ್ರು. ಮಧ್ಯಾಹ್ನ ಶುರು ಮಾಡಿದ್ದು ಲೈಟ್ ಹಾಕೋ ಹೊತ್ತಿಗೆ ಮುಗೀತು. ಎರಡು ಸೆಕೆಂಡಿಗೊಂದ್ಸಲ ನಿಲ್ಸಿ ಬೆರಳಲ್ಲಿ ಮುಟ್ಟಿ ನೋಡೋರು, ಬ್ಲೇಡ್ ಫ್ರೇಮಿಗೆ ತಾಗಿತಾ ಅಂತ. ಕೆಳಗೆ ಹಾಸಿದ್ದ ಪೇಪರ್ ಮೇಲೆ ಸುಣ್ಣದ ಥರ ಬಿಳೀ ಪುಡಿ ರಾಶಿ ಬಿತ್ತು. ಕೈ ಒರೆಸ್ಕೊಂಡು "ಸರ್, ದಿನಾ ಮಳೇಲಿ ಓಡಿರೋ ಗಾಡಿ ಇಷ್ಟು ಕಷ್ಟ ಕೊಡಲ್ಲ" ಅಂದ್ರು. ಅವರ ಕೈಗೆ ನಾನು ಋಣಿ.

ಇಷ್ಟೆಲ್ಲಾ ಆದ್ಮೇಲೆ ನಾನು ಹೇಳೋದು ಇಷ್ಟು. ಒಂದು ಸೈಕಲ್ ಮೇಲೆ ಪ್ರೀತಿ ಇದ್ರೆ, ಇನ್ನೊಂದು ಇಡೀ ಸೈಕಲ್ ತರೋಕೂ ಮುಂಚೆ ಅದರ ಜೀವಾಳದ ಪಾರ್ಟುಗಳನ್ನ ತಗೊಂಡಿಡಿ, ಒಂದು ಹಿಂದಿನ ಚಕ್ರ, ಒಂದು ಕ್ಯಾಸೆಟ್, ಎರಡು ಚೈನು, ಗೇರ್ ನೇತಾಡೋ ಹ್ಯಾಂಗರು, ಯಾಕಂದ್ರೆ ಹ್ಯಾಂಗರ್ ಒಂದೊಂದು ಮಾಡೆಲ್‌ಗೂ ಒಂದೊಂದು ಥರ, ನಿಂತೋದ್ರೆ ಸಿಗೋದೇ ಇಲ್ಲ. ಟೈರು ಟ್ಯೂಬು ಮಾತ್ರ ವರ್ಷಗಟ್ಟಲೆಗೆ ಅಂತ ಕೂಡಿಡ್ಬೇಡಿ. ಇಲ್ಲ ಇನ್ನೊಂದು ಸೈಕಲ್ಲೇ ಬೇಕು ಅಂದ್ರೆ ತಗೊಳ್ಳೋ ದಿನ ಟೇಪ್ ಹಿಡ್ಕೊಂಡು ಹೋಗಿ, ಕ್ರ್ಯಾಂಕ್ ಮೇಲಿನ ನಂಬರು, ಹ್ಯಾಂಡಲ್ ಅಗಲ, ಸೀಟ್ ಪೈಪಿನ ದಪ್ಪ ಎಲ್ಲಾ ನಿಮ್ಮದರ ಜೊತೆ ಹೋಲಿಸಿ, ಅಂಗಡಿಯೋರು ಎರಡೂ ಒಂದೇ ಅಂದ್ರು ಅಂತ ನಂಬ್ಬೇಡಿ. ಪೆಡಲ್ ಪಕ್ಕ ಫ್ರೇಮಿನ ಅಡಿಯಲ್ಲಿ ಕೆತ್ತಿರೋ ನಂಬರ್ ಎರಡರದ್ದೂ ಬೇರೆ ಬೇರೆ ಬರೆದಿಟ್ಕೊಳ್ಳಿ, ಕಳುವಾದ ದಿನ ಯಾವುದು ಹೋಯ್ತು ಅಂತ ತೋರ್ಸೋಕೆ ಬೇರೆ ದಾರಿ ಇರಲ್ಲ. ಮನೆಗೆ ತಂದ್ಮೇಲೆ ವಾರಕ್ಕೊಂದನ್ನ ಓಡ್ಸಿ, ಒಂದರ ಚೈನ್ ಇನ್ನೊಂದರ ಹಲ್ಲಿಗೆ ಹಾಕ್ಬೇಡಿ, ಮತ್ತೆ ಒಂದರಿಂದ ಬೋಲ್ಟು, ಬ್ರೇಕ್ ರಬ್ಬರ್ ಅಂತ ಬಿಚ್ಕೊಳ್ಳೋ ಅಭ್ಯಾಸ ಖಂಡಿತ ಮಾಡ್ಕೋಬೇಡಿ, ಬೇಕಾದ ದಿನ ಅದೇ ಬೋಲ್ಟ್ ಇರಲ್ಲ.

ಈಗ ಎರಡನೇದಕ್ಕೆ 170ರ ಕ್ರ್ಯಾಂಕ್ ಹಾಕ್ಸಿ ಅದನ್ನೇ ದಿನಾ ಓಡಿಸ್ತಿದ್ದೀನಿ, ಮಂಡಿ ನೋವು ಹೋಗಿದೆ. ಮೊದಲ್ನೇದರ ಫ್ರೇಮು ಬೆಸುಗೆಗೆ ಹೋಗಿದೆ, ಸ್ಟೀಲ್ ಆಗಿದ್ದಕ್ಕೆ ಸರಿ ಮಾಡ್ಬೋದು ಅಂದಿದ್ದಾರೆ. ಅದು ಬಂದ್ಮೇಲೆ ತಮ್ಮ ಓಡಿಸ್ತೀನಿ ಅಂದಿದ್ದಾನೆ, ಒಪ್ಕೊಂಡಿದ್ದೀನಿ. ಗೋಡೆ ಹುಕ್ಕು ನಿನ್ನೆ ಕಿತ್ತೆ.