ಒಬ್ಬರೇ ಹೋಗುವವರಿಗೆ ಯಾವ ಊರು? ಪುದುಚೇರಿ, ಫೋರ್ಟ್ ಕೊಚ್ಚಿ, ತರಂಗಂಬಾಡಿ

ಒಬ್ಬರೇ ಊರು ಸುತ್ತುವವರ ಖರ್ಚಿನ ಲೆಕ್ಕವೇ ಬೇರೆ. ಇಬ್ಬರಿದ್ದರೆ ರೂಮಿನ ಬಾಡಿಗೆ ಹಂಚಿಕೊಳ್ಳಬಹುದು, ಆಟೋ ದುಡ್ಡೂ ಅರ್ಧರ್ಧ. ಒಬ್ಬರೇ ಇದ್ದರೆ ಎಲ್ಲವೂ ಪೂರ್ತಿ ನಮ್ಮ ತಲೆಗೆ. ಹಾಗಾಗಿ ಯಾವ ಊರು ಹೆಚ್ಚು ಚೆಂದ ಅಂತ ಕೇಳಿದರೆ ನಮಗೆ ಉಪಯೋಗವಿಲ್ಲ. ಒಬ್ಬರೇ ಇರುವುದಕ್ಕೆ ಯಾವ ಊರು ಕಡಿಮೆ ದಂಡ ಹಾಕುತ್ತದೆ ಅಂತ ಕೇಳಬೇಕು. ಫ್ರೆಂಚರ ಪುದುಚೇರಿ, ಪೋರ್ಚುಗೀಸರು ಕಟ್ಟಿ ಡಚ್ಚರು ಕಿತ್ತುಕೊಂಡ ಫೋರ್ಟ್ ಕೊಚ್ಚಿ, ಡೇನರ (ಡೆನ್ಮಾರ್ಕಿನವರ) ತರಂಗಂಬಾಡಿ, ಈ ಮೂರನ್ನೂ ನಾನು ಒಬ್ಬರೇ ಸುತ್ತಿ ನೋಡಿದ್ದೇನೆ. ನನ್ನ ಓಟು ಫೋರ್ಟ್ ಕೊಚ್ಚಿಗೆ.

ಮೊದಲು ಪುದುಚೇರಿ. ಬೆಂಗಳೂರಿನವರಿಗೆ ತಲುಪುವುದು ಸುಲಭ. 300 ಕಿಲೋಮೀಟರ್ ಚಿಲ್ಲರೆ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿ. ಒಂದು ರಾತ್ರಿಯ ರೂಮಿನ ದುಡ್ಡೂ ಉಳಿಯಿತು. ಊರು ಸಮತಟ್ಟು, ಬೀದಿಗಳು ಗೆರೆ ಎಳೆದ ಹಾಗೆ ನೇರ. ನಕ್ಷೆ ಇಲ್ಲದೆಯೂ ದಾರಿ ತಪ್ಪುವುದಿಲ್ಲ. ಈ ನೇರ ಬೀದಿಗಳ ಯೋಜನೆ ಹಾಕಿದವರು ಫ್ರೆಂಚರಲ್ಲ, ಡಚ್ಚರು. 1693ರಲ್ಲಿ ಊರನ್ನು ಹಿಡಿದು 1699ರವರೆಗೆ ಇಟ್ಟುಕೊಂಡಿದ್ದರಲ್ಲ, ಆಗಿನ ಕೆಲಸ ಅದು. 1761ರಲ್ಲಿ ಬ್ರಿಟಿಷರು ಊರನ್ನು ನೆಲಸಮ ಮಾಡಿದರು. ಹಾಗಾಗಿ ಇವತ್ತು ನಾವು ಫೋಟೋ ತೆಗೆಯುವ ಹಳದಿ ಗೋಡೆಗಳು ಆಮೇಲೆ ಎದ್ದವು.

ಒಬ್ಬರೇ ಹೋದವರಿಗೆ ಇಲ್ಲಿನ ದೊಡ್ಡ ವರ ಅಂದರೆ ಕಡಲ ದಂಡೆಯ ರಸ್ತೆ. ಸಂಜೆಯಾದರೆ ವಾಹನಗಳನ್ನು ಒಳಗೆ ಬಿಡುವುದಿಲ್ಲ. ಗಾಂಧಿ ಪ್ರತಿಮೆಯ ಸುತ್ತ ಮಕ್ಕಳು, ಮುದುಕರು, ಕಡಲೆ ಮಾರುವವರು. ತಡ ರಾತ್ರಿಯವರೆಗೂ ಜನ ಇರುತ್ತಾರೆ. ಸುಮ್ನೆ ಕೂತರೆ ಯಾರೂ ಏನೂ ಕೇಳುವುದಿಲ್ಲ. ಮೂರೂ ಊರುಗಳಲ್ಲಿ ರಾತ್ರಿ ಹೊತ್ತು ನಿರಾಳವಾಗಿ ನಡೆದಿದ್ದು ನಾನು ಇಲ್ಲೇ. ಮೊದಲ ಸಲ ಒಂಟಿಯಾಗಿ ಹೊರಡುವ ಹೆಣ್ಣುಮಕ್ಕಳಿಗೆ ಪುದುಚೇರಿಯನ್ನೇ ಹೇಳುತ್ತೇನೆ.

ತೊಂದರೆ ರೂಮಿನದು. ವೈಟ್ ಟೌನ್ ಅನ್ನುವ ಫ್ರೆಂಚ್ ಭಾಗದಲ್ಲಿ ಬಾಡಿಗೆ ದುಬಾರಿ. ಶುಕ್ರವಾರ ಸಂಜೆ ಬೆಂಗಳೂರು, ಚೆನ್ನೈ ಎರಡೂ ಕಡೆಯಿಂದ ಜನ ಬಂದಿಳಿದರೆ ಇನ್ನೂ ಏರುತ್ತದೆ. ಹಳೆಯ ಮನೆಯೊಂದರ ಒಳಾಂಗಣ ನೋಡಬೇಕಾದರೆ ಅಲ್ಲಿನ ಕೆಫೆಯಲ್ಲಿ ಕಾಫಿಗೆ ಊಟದಷ್ಟು ದುಡ್ಡು ಕೊಡಬೇಕು. ಕಾಲುವೆ ದಾಟಿ ತಮಿಳು ಭಾಗಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಲಾಡ್ಜು ಅಗ್ಗ, ಇಡ್ಲಿ ಅಗ್ಗ, ಬಾಡಿಗೆ ಸೈಕಲ್ಲೂ ಸಿಗುತ್ತದೆ. ಅರವಿಂದಾಶ್ರಮದ ಅತಿಥಿಗೃಹಗಳು ಸಿಕ್ಕರಂತೂ ಅದೃಷ್ಟ. ಚೊಕ್ಕಟ, ಬೆಲೆಯೂ ನ್ಯಾಯ. ರಾತ್ರಿ ಇಂತಿಷ್ಟು ಹೊತ್ತಿಗೆ ಗೇಟು ಮುಚ್ಚುತ್ತಾರೆ, ಸಿಗರೇಟು, ಮದ್ಯ ನಡೆಯುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಇಷ್ಟವಾದ ಪುದುಚೇರಿ ಕಾಲುವೆಯ ಈ ಕಡೆಯದೇ. ವೈಶ್ಯಾಲ್ ಬೀದಿಯ ಮನೆಗಳ ಮುಂದೆ ಜಗಲಿ, ಮರದ ಕಂಬ, ಮೇಲೆ ಹಂಚಿನ ಮಾಡು. ಕೆಲವು ಮನೆಗಳಲ್ಲಿ ಕೆಳಗೆ ತಮಿಳು ಜಗಲಿ, ಮೇಲಿನ ಅಂತಸ್ತಿಗೆ ಫ್ರೆಂಚ್ ಕಿಟಕಿ. ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆಯ ಮನೆ ಇರುವುದೂ ಈ ಕಡೆಯೇ. ಆತ 1736ರಿಂದ 1761ರವರೆಗೆ ದಿನಚರಿ ಬರೆದಿಟ್ಟ. ಆ ಕಾಲದ ವ್ಯಾಪಾರ, ಯುದ್ಧ, ಮನೆಜಗಳ ಎಲ್ಲವೂ ಅದರಲ್ಲಿದೆ. ವೈಟ್ ಟೌನಿನ ಗೋಡೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು ವಾಪಸ್ ಹೋಗುವವರು ಈ ಬೀದಿಗಳಿಗೆ ಬರುವುದೇ ಇಲ್ಲ. ಬೇಸರದ ವಿಷಯ ಅಲ್ವಾ?

ಫೋರ್ಟ್ ಕೊಚ್ಚಿಗೆ ಬರೋಣ. ಮಂಗಳೂರು, ಉಡುಪಿ ಕಡೆಯವರಿಗೆ ಕರಾವಳಿಯ ರೈಲು ಇದೆ, ಬೆಂಗಳೂರಿನಿಂದಲೂ ಎರ್ನಾಕುಲಂಗೆ ರೈಲು ಸಿಗುತ್ತದೆ. ಮುಖ್ಯವಾದದ್ದು ಆಮೇಲಿನ ಭಾಗ. ಎರ್ನಾಕುಲಂ ಸ್ಟೇಷನ್ನಿನ ಹೊರಗೆ ಆಟೋದವರು ಫೋರ್ಟ್ ಕೊಚ್ಚಿಗೆ ಕೇಳುವ ದುಡ್ಡಿಗೆ ತಲೆ ಕೊಡಬೇಡಿ. ನೇರ ಬೋಟ್ ಜೆಟ್ಟಿಗೆ ಹೋಗಿ. ಸರ್ಕಾರಿ ದೋಣಿಗೆ ಟಿಕೆಟ್ಟು ಒಂದು ಚಹಾದ ಬೆಲೆಗಿಂತ ಕಡಿಮೆ. ಅಷ್ಟು ದುಡ್ಡಿಗೆ ಕಾಯಲಿನ (ಹಿನ್ನೀರಿನ) ಮೇಲೆ ಗಾಳಿ, ಬಂದರಿನ ದೊಡ್ಡ ಹಡಗುಗಳು, ಪಕ್ಕದಲ್ಲಿ ವಿಲ್ಲಿಂಗ್ಡನ್ ದ್ವೀಪ. ಬಂದರು ಆಳ ಮಾಡುವಾಗ ಎತ್ತಿದ ಮಣ್ಣನ್ನು ಸುರಿದು ಮಾಡಿದ ದ್ವೀಪ ಅದು. ಎಸಿ ಬೇಕಿದ್ದರೆ ವಾಟರ್ ಮೆಟ್ರೋ ಇದೆ. 2023ರಲ್ಲಿ ಶುರುವಾಯಿತು, ಮರುವರ್ಷ ಫೋರ್ಟ್ ಕೊಚ್ಚಿಗೂ ಬಂತು. ಅದೂ ಅಗ್ಗವೇ. ಆದರೆ ನನಗೆ ಹಳೆಯ ದೋಣಿಯೇ ಹಿತ. ಕಿಟಕಿ ತೆರೆದಿರುತ್ತದೆ, ಪಕ್ಕದಲ್ಲಿ ಕೆಲಸಕ್ಕೆ ಹೋಗುವವರು, ಮೀನಿನ ಬುಟ್ಟಿಯವರು. ಒಬ್ಬರಿಗೆ ಒಂದು ಟಿಕೆಟ್, ಇಬ್ಬರಿಗೆ ಎರಡು. ಒಂಟಿಯಾದ್ದಕ್ಕೆ ದಂಡ ಇಲ್ಲದ ಸವಾರಿ.

ರೂಮಿನಲ್ಲೂ ಇದೇ ಮಾತು. ಇಲ್ಲಿ ಮನೆಯ ಒಂದೆರಡು ಕೋಣೆ ಬಾಡಿಗೆಗೆ ಕೊಡುವ ಹೋಂಸ್ಟೇಗಳು ಗಲ್ಲಿಗೊಂದು. ಒಬ್ಬರೇ ಅಂದರೆ ಬಾಡಿಗೆ ಇಳಿಸುತ್ತಾರೆ, ಬೆಳಿಗ್ಗೆ ಪುಟ್ಟು-ಕಡಲೆ ಸೇರಿಸಿಯೇ ಕೊಡುತ್ತಾರೆ. ಜೂನ್, ಜುಲೈ ಮಳೆಯಲ್ಲಿ ಬೆಲೆ ಇನ್ನೂ ಕಡಿಮೆ. ಅದೇ ಬೇರೆಡೆಯ ಒಂದು ಲಾಡ್ಜಿನಲ್ಲಿ ‘ಸಿಂಗಲ್ಲಿಗೆ ರೂಮ್ ಇಲ್ಲ’ ಅಂತ ಮುಖಕ್ಕೇ ಹೇಳಿ ಕಳಿಸಿದ್ದರು. ಆ ಅವಮಾನ ಫೋರ್ಟ್ ಕೊಚ್ಚಿಯಲ್ಲಿ ನನಗೆ ಒಮ್ಮೆಯೂ ಆಗಿಲ್ಲ.

ನೋಡುವುದಕ್ಕೂ ಕೊಚ್ಚಿಯಲ್ಲಿ ಬೇಕಾದಷ್ಟಿದೆ. ಸಂತ ಫ್ರಾನ್ಸಿಸ್ ಚರ್ಚಿನ ಒಳಗೆ ಹೋಗಿ. ಪೋರ್ಚುಗೀಸರು ಕಟ್ಟಿದ ಕ್ಯಾಥೊಲಿಕ್ ಚರ್ಚು, 1663ರಲ್ಲಿ ಊರು ಗೆದ್ದ ಡಚ್ಚರ ಕೈಯಲ್ಲಿ ಪ್ರೊಟೆಸ್ಟೆಂಟ್ ಆಯಿತು, ಬ್ರಿಟಿಷರ ಕಾಲಕ್ಕೆ ಆಂಗ್ಲಿಕನ್ ಆಯಿತು. 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲೇ. ಆಮೇಲೆ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಗೋಡೆಗೆ ಒರಗಿಸಿಟ್ಟ ಸಮಾಧಿ ಕಲ್ಲುಗಳಲ್ಲಿ ಪೋರ್ಚುಗೀಸ್ ಹೆಸರು ಒಂದು ಕಡೆ, ಡಚ್ ಹೆಸರು ಇನ್ನೊಂದು ಕಡೆ. ಒಂದೇ ಕಟ್ಟಡದಲ್ಲಿ ಮೂರು ಸಾಮ್ರಾಜ್ಯಗಳನ್ನು ಓದಬಹುದು.

ಅಲ್ಲಿಂದ ಮಟ್ಟಾಂಚೇರಿಗೆ ನಡೆದೇ ಹೋಗಬಹುದು. ಅರಮನೆಯಲ್ಲಿ ರಾಮಾಯಣದ ಭಿತ್ತಿಚಿತ್ರಗಳಿವೆ, ಟಿಕೆಟ್ ತೀರಾ ಕಡಿಮೆ. ಪಕ್ಕದಲ್ಲೇ 1568ರ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ನೆಲಕ್ಕೆ ಚೀನಾದಿಂದ ತಂದ ನೀಲಿ ಚಿತ್ರದ ಹೆಂಚುಗಳು. ಶುಕ್ರವಾರ ಅರಮನೆಗೆ ರಜಾ, ಶನಿವಾರ ಸಿನಗಾಗ್ ಮುಚ್ಚಿರುತ್ತದೆ, ಹಾಗಾಗಿ ವಾರದ ಮಧ್ಯೆ ಹೋಗಿ. ನಮ್ಮ ಕರಾವಳಿಯ ಕೊಂಕಣಿಗರಿಗೆ ಇಲ್ಲಿ ಇನ್ನೊಂದು ಖುಷಿ ಇದೆ. ಗೋವಾದಿಂದ ಪೋರ್ಚುಗೀಸರ ಕಾಟಕ್ಕೆ ಹೊರಟ ಗೌಡ ಸಾರಸ್ವತರು ಕೆಲವರು ನಮ್ಮ ಕಡೆ ಬಂದರು, ಕೆಲವರು ಇಲ್ಲಿಗೆ. ತಿರುಮಲ ದೇವಸ್ಥಾನದ ಸುತ್ತಿನ ಬೀದಿಗಳಲ್ಲಿ ಈಗಲೂ ಕೊಂಕಣಿ ಕೇಳುತ್ತದೆ. ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ 12 ಸಂಪುಟಗಳ ‘ಹೊರ್ತುಸ್ ಮಲಬಾರಿಕುಸ್’ ಮಾಡಿಸಿದನಲ್ಲ, ಆ ಕೆಲಸದಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಜೊತೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅನ್ನುವ ಮೂವರು ಕೊಂಕಣಿ ವೈದ್ಯರೂ ಇದ್ದರು.

ಊಟ ಎಲ್ಲೂ ಕಷ್ಟವಿಲ್ಲ. ಕೊಚ್ಚಿಯಲ್ಲಿ ಪೊರೋಟಾ, ಮೀನು ಸಾರಿನ ಊಟ, ಗುಜರಾತಿ ಬೀದಿಯಲ್ಲಿ ಸಸ್ಯಾಹಾರ. ಚೀನೀ ಬಲೆಗಳ ಹತ್ತಿರ ಮೀನು ಕೊಂಡು ಹುರಿಸುವುದು ಮಾತ್ರ ಒಬ್ಬರಿಗೆ ಲಾಭವಿಲ್ಲ, ಅದು ಗುಂಪಿಗೆ ಸರಿ. ಕೊಚ್ಚಿಯ ಕೊರತೆ ಸಂಜೆಯದು. ಅಂಗಡಿ ಮುಚ್ಚಿದ ಮೇಲೆ ಕೆಲವು ಗಲ್ಲಿಗಳು ಬೇಗ ಖಾಲಿಯಾಗುತ್ತವೆ. ಕಡಲ ದಂಡೆಯೂ ಪುದುಚೇರಿಯಷ್ಟು ಚೊಕ್ಕಟವಿಲ್ಲ.

ತರಂಗಂಬಾಡಿ ಈ ಎರಡಕ್ಕಿಂತ ತುಂಬಾ ಚಿಕ್ಕದು. ಪುದುಚೇರಿಯಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್. ಚಿದಂಬರಂ, ಸೀರ್ಕಾಳಿ ದಾಟಿ ಕಾರೈಕಾಲ್ ಕಡೆ ಹೋಗುವ ಬಸ್ಸಿನಲ್ಲಿ ಇಳಿಯಬೇಕು. ಹಳೆಯ ಹೆಬ್ಬಾಗಿಲಿನಿಂದ ಒಳಗೆ ನಡೆದರೆ ಒಂದೇ ಮುಖ್ಯ ಬೀದಿ, ತುದಿಗೆ ಕಡಲು. ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಪಡೆದು 1620ರಲ್ಲಿ ಡೇನರು ಇಲ್ಲಿ ಡಾನ್ಸ್‌ಬೋರ್ಗ್ ಕೋಟೆ ಕಟ್ಟಿದರು. 1845ರಲ್ಲಿ ಬ್ರಿಟಿಷರಿಗೆ ಮಾರಿ ಹೊರಟರು. ನಡುವೆ, 1706ರಲ್ಲಿ ಬಂದಿಳಿದ ಜರ್ಮನ್ ಪಾದ್ರಿ ಸೀಗನ್‌ಬಾಲ್ಗ್ ತಮಿಳು ಕಲಿತು, ಅಚ್ಚುಕೂಟ ಹಾಕಿಸಿ, ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಮಾಡಿಸಿದ. ಅವನು ಕಟ್ಟಿಸಿದ 1718ರ ಚರ್ಚು ಇನ್ನೂ ಬಳಕೆಯಲ್ಲಿದೆ. ಕೋಟೆಯ ಹತ್ತಿರವೇ ಪಾಂಡ್ಯರ ಕಾಲದ ಮಾಸಿಲಾಮಣಿನಾಥ ದೇವಸ್ಥಾನ. ಅದರ ಮುಂಭಾಗವನ್ನು ಅಲೆಗಳು ತಿಂದುಹಾಕಿವೆ. 2004ರ ಸುನಾಮಿ ಈ ಊರಿನ ಮೀನುಗಾರರ ಕೇರಿಗಳನ್ನು ಬಹಳ ಕೆಟ್ಟದಾಗಿ ಬಡಿಯಿತು.

ಇಷ್ಟು ಇತಿಹಾಸ ಇಷ್ಟು ಕಡಿಮೆ ಜನಜಂಗುಳಿಯಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಆದರೆ ಉಳಿಯಲು ಆಯ್ಕೆ ಕಡಿಮೆ. ಪಾರಂಪರಿಕ ಕಟ್ಟಡದ ಹೋಟೆಲ್ ನಮ್ಮ ಜೇಬಿಗೆ ಎಟುಕುವುದಿಲ್ಲ. ಕತ್ತಲಾದರೆ ಮಾಡಲು ಏನೂ ಇಲ್ಲ. ಹಾಗಾಗಿ ಹಗಲು ನೋಡಿ, ರಾತ್ರಿ ಚಿದಂಬರಂ ಇಲ್ಲವೇ ಮಯಿಲಾಡುದುರೈಯಲ್ಲಿ ಉಳಿಯುವುದು ಒಳ್ಳೆಯದು. ಅಲ್ಲಿ ಯಾತ್ರಿಕರಿಗೆಂದು ಅಗ್ಗದ ಲಾಡ್ಜುಗಳಿವೆ.

ಯಾವಾಗ ಹೋಗಬೇಕು ಅನ್ನುವುದರ ಮೇಲೂ ಆಯ್ಕೆ ನಿಂತಿದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ತಮಿಳು ಕರಾವಳಿಗೆ ಹಿಂಗಾರು ಮಳೆ, ಚಂಡಮಾರುತದ ಭಯ ಬೇರೆ. ಜನವರಿ, ಫೆಬ್ರವರಿ ಅಲ್ಲಿಗೆ ಸರಿ. ಮುಂಗಾರಿನಲ್ಲಿ ಪೂರ್ವ ಕರಾವಳಿ ಬೇಯುತ್ತಿರುತ್ತದೆ, ಆಗ ಛತ್ರಿ ಹಿಡಿದು ಕೊಚ್ಚಿಗೆ ಹೋಗಿ. ಇನ್ನು ಮೈಸೂರಿನಿಂದ ಬೆಂಗಳೂರು ಮೇಲೆ ಮಯಿಲಾಡುದುರೈಗೆ ಹೋಗುವ ರಾತ್ರಿ ರೈಲು ಇದೆ. ಸ್ಲೀಪರ್‌ನಲ್ಲಿ ಹೋಗಿ ಇಳಿದರೆ ತರಂಗಂಬಾಡಿ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಅದನ್ನು ನೋಡಿ ಮೇಲಕ್ಕೆ ಪುದುಚೇರಿಗೆ ಬಂದು, ಅಲ್ಲಿಂದ ರಾತ್ರಿ ಬಸ್ಸು ಹಿಡಿದರೆ ಎರಡೂ ಊರು ಒಂದೇ ಸುತ್ತಿನಲ್ಲಿ ಮುಗಿಯುತ್ತವೆ.