ನೆತ್ತಿ, ಗದ್ದ, ಕಿವಿ: ಸ್ಕೈಡೈವಿಂಗ್ ಹೆಲ್ಮೆಟ್ಟಿನಲ್ಲಿ ಕ್ಯಾಮೆರಾ ಎಲ್ಲಿರಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಿವಿಪಕ್ಕದ ಕ್ಯಾಮೆರಾಗೆ. ನೆತ್ತಿಯ ಮೇಲೆ ಕೂರಿಸಿಕೊಂಡು ಎರಡು ವರ್ಷ ಜಂಪ್ ಮಾಡಿದೆ. ಗದ್ದದ ಮೇಲೆ ಹಾಕಿಕೊಂಡು ಸುಮಾರು ನಲವತ್ತು ಜಂಪ್ ಆಯಿತು. ಈಗ ಬಲಗಿವಿಯ ಪಕ್ಕಕ್ಕೆ ಬಂದು ಮುನ್ನೂರು ಜಂಪ್ ದಾಟಿದೆ. ಮೂರಕ್ಕೂ ಕೈಯಿಂದ ದುಡ್ಡು ಹಾಕಿದ್ದೇನೆ, ಮೊದಲನೆಯದಕ್ಕೆ ದುಡ್ಡಿಗಿಂತ ದೊಡ್ಡ ಬೆಲೆ ತೆರುವುದು ಸ್ವಲ್ಪದರಲ್ಲಿ ತಪ್ಪಿತು.

ನಾನು ಜಂಪ್ ಮಾಡುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಪೆರಿಸ್, ಲೇಕ್ ಎಲ್ಸಿನೋರ್ ಎಲ್ಲ ಒಂದೇ ಸೀಮೆಯಲ್ಲಿರುವುದರಿಂದ ವರ್ಷವಿಡೀ ಜಂಪಿಗೆ ಅಡ್ಡಿಯಿಲ್ಲ. ನನಗೆ ಕ್ಯಾಮೆರಾ ಬೇಕಿರುವುದು ಎರಡು ಕಾರಣಕ್ಕೆ. ಒಂದು, ನಾಲ್ಕು ಜನ ಸೇರಿ ಗಾಳಿಯಲ್ಲಿ ಆಕೃತಿ ಕಟ್ಟುವಾಗ ಯಾರ ಮೊಣಕಾಲು ಎಲ್ಲಿ ಕುಸಿಯಿತು ಅಂತ ಕೆಳಗೆ ಬಂದು ನೋಡುವುದಕ್ಕೆ. ಇನ್ನೊಂದು, ಹಾಸನದಲ್ಲಿರುವ ಅಮ್ಮನಿಗೆ. ನನ್ನ ಭಾನುವಾರ ಸಂಜೆ ಅವರಿಗೆ ಸೋಮವಾರದ ಬೆಳಗಿನ ಕಾಫಿಯ ಹೊತ್ತು. ವಿಡಿಯೊ ತಡವಾದರೆ ಫೋನ್ ಬರುತ್ತದೆ: "ಕೊಡೆ ಸರಿಯಾಗಿ ಬಿಚ್ಚಿತೇನೋ?"

ರೆಸಲ್ಯೂಶನ್, ಫ್ರೇಮ್ ರೇಟ್ ಇತ್ಯಾದಿಗಳನ್ನು ಇಲ್ಲಿ ಬರೆಯುವುದಿಲ್ಲ. ಈಗಿನ ಯಾವ ಆಕ್ಷನ್ ಕ್ಯಾಮೆರಾ ಆದರೂ ಒಂದು ನಿಮಿಷದ ಫ್ರೀಫಾಲ್ ಹಿಡಿಯಲು ಸಾಕು. ಎಷ್ಟು ಜಂಪ್ ಆದ ಮೇಲೆ ಕ್ಯಾಮೆರಾ ಅನ್ನುವುದಕ್ಕೂ ಉತ್ತರ ಸಿದ್ಧವಾಗಿದೆ. ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ಸಿ ಲೈಸೆನ್ಸ್ ಇರಲಿ ಅನ್ನುತ್ತದೆ, ಅಂದರೆ ಕನಿಷ್ಠ 200 ಜಂಪ್. ಅದರ ಜೊತೆಗೆ, ಕ್ಯಾಮೆರಾ ಹಾಕಿಕೊಂಡು ಹಾರಲಿರುವ ಅದೇ ರಿಗ್ಗಿನಲ್ಲಿ, ಅಂದರೆ ಬೆನ್ನಿಗೆ ಕಟ್ಟುವ ಪ್ಯಾರಾಚೂಟ್ ಸೆಟ್ಟಿನಲ್ಲಿ, ಈಚೆಗೆ 50 ಜಂಪ್ ಆಗಿರಬೇಕು. ನಾನು 230ಕ್ಕೆ ಶುರು ಮಾಡಿದೆ. ಈಗ ಹಿಂದಿರುಗಿ ನೋಡಿದರೆ ಇನ್ನೂ ನೂರು ತಡೆಯಬಹುದಿತ್ತು ಅನಿಸುತ್ತದೆ.

ಮೊದಲನೆಯದು ನೆತ್ತಿ. ಮುಖ ಪೂರ್ತಿ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್, ಅದರ ತುದಿಗೆ ಅಂಟಿನ ಪ್ಯಾಡ್, ಪ್ಯಾಡಿನ ಮೇಲೆ ಚೌಕಾಕಾರದ ಕ್ಯಾಮೆರಾ. ಎಲ್ಲರೂ ಹೀಗೇ ಶುರು ಮಾಡುವುದು, ಯಾಕೆಂದರೆ ಇದೇ ಅಗ್ಗ. ಹೆಲ್ಮೆಟ್ ಹೇಗೂ ಇರುತ್ತದೆ, ಪ್ಯಾಡಿಗೆ ನಾಲ್ಕು ಕಾಸು. ಚಿತ್ರವೂ ಚೆನ್ನಾಗಿ ಬರುತ್ತದೆ, ನಮ್ಮ ಕಣ್ಣಿಗಿಂತ ಗೇಣು ಮೇಲಿಂದ, ಎಲ್ಲರೂ ಚೌಕಟ್ಟಿನೊಳಗೆ. ತೊಂದರೆ ಒಂದೇ. ಕ್ಯಾಮೆರಾ ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ಅನ್ನುವುದು ಹಾಕಿಕೊಂಡವನಿಗೆ ಗೊತ್ತಾಗುವುದಿಲ್ಲ.

ಇದು ಸಣ್ಣ ವಿಷಯದಂತೆ ಕಾಣುತ್ತದೆ. ನನಗೂ ಹಾಗೇ ಕಂಡಿತ್ತು. ಟ್ವಿನ್ ಆಟರ್ ವಿಮಾನ 13,000 ಅಡಿ ಏರಲು ಹತ್ತರಿಂದ ಹದಿನೈದು ನಿಮಿಷ ಬೇಕು. ನೆಲದಲ್ಲೇ ಕ್ಯಾಮೆರಾ ಒತ್ತಿಬಿಟ್ಟರೆ ಬ್ಯಾಟರಿ ಸೋರುತ್ತದೆ, ವಿಡಿಯೊ ತುಂಬ ಮುಂದಿನವನ ಬೆನ್ನು. ಹಾಗಾಗಿ ಮೇಲೆ ಹೋದ ಮೇಲೆ ಒತ್ತಬೇಕು. ಗ್ಲೌಸ್ ತೊಟ್ಟ ಬೆರಳಲ್ಲಿ ನೆತ್ತಿ ತಡಕಿ ಗುಂಡಿ ಒತ್ತುತ್ತೇವೆ. ಒಂದು ಬೀಪ್ ಬಂತೋ ಎರಡು ಬಂತೋ ಇಂಜಿನ್ನಿನ ಸದ್ದಿನಲ್ಲಿ ಕೇಳುವುದಿಲ್ಲ. ಅನುಮಾನ ಬಂದು ಮತ್ತೊಮ್ಮೆ ಒತ್ತುತ್ತೇವೆ, ಈಗ ಆನ್ ಆಗಿದ್ದದ್ದು ಆಫ್ ಆಯಿತೇನೋ ಅನ್ನುವ ಇನ್ನೊಂದು ಅನುಮಾನ. ವೈಸರ್ ಎತ್ತಿ, ಎದುರಿಗಿರುವವನ ಮಂಡಿ ತಟ್ಟಿ, ನೆತ್ತಿ ತೋರಿಸಿ, ಕೆಂಪು ದೀಪ ಇದೆಯಾ ಅಂತ ಸನ್ನೆಯಲ್ಲಿ ಕೇಳುತ್ತೇವೆ. ಅವನು ತನ್ನ ತಯಾರಿ ಬಿಟ್ಟು ನಮ್ಮ ತಲೆ ನೋಡುತ್ತಾನೆ. ಪ್ರತಿ ಲೋಡಿನಲ್ಲೂ, ಅಂದರೆ ವಿಮಾನ ಜಂಪರುಗಳನ್ನು ತುಂಬಿಕೊಂಡು ಏರುವ ಪ್ರತಿ ಸಲವೂ, ಇದೇ ನಡೆಯುತ್ತದೆ, ನಾಲ್ಕೈದು ಕ್ಯಾಮೆರಾ ಇದ್ದರೆ ನಾಲ್ಕೈದು ಸಲ.

ಎರಡನೇ ವರ್ಷದ ಅಕ್ಟೋಬರ್, ಸೂರ್ಯಾಸ್ತದ ಲೋಡ್. ನೆಲದಲ್ಲಿ ರಿಗ್ ಹೆಗಲಿಗೇರಿಸಿ ಎರಡೂ ತೊಡೆಪಟ್ಟಿ ಬಿಗಿದೆ. ಎದೆಪಟ್ಟಿಗೆ ಕೈ ಹಾಕುವ ಹೊತ್ತಿಗೆ ಕ್ಯಾಮೆರಾದ ಬ್ಯಾಟರಿ ಬದಲಾಯಿಸಿಲ್ಲ ಅನ್ನುವುದು ನೆನಪಾಯಿತು. ಹೆಲ್ಮೆಟ್ ಎತ್ತಿಕೊಂಡು ಬ್ಯಾಟರಿ ಹಾಕಿದೆ. ಅಷ್ಟರಲ್ಲಿ ವಿಮಾನಕ್ಕೆ ಕರೆ ಬಂತು, ಓಡಿದೆ. ಮೇಲೆ ಹತ್ತು ಸಾವಿರ ಅಡಿಯಲ್ಲಿ, ಯಾವತ್ತೂ ಪ್ಯಾರಾಚೂಟಿನ ಹಿಡಿಗಳನ್ನು ಮುಟ್ಟಿ ನೋಡುವ ಹೊತ್ತಿನಲ್ಲಿ, ಅವತ್ತು ನಾನು ಮಾಡುತ್ತಿದ್ದದ್ದು ನೆತ್ತಿಯ ಗುಂಡಿ ಒತ್ತುವ ಕೆಲಸ. ಎದುರಿಗೆ ಮೂರು ಸಾವಿರಕ್ಕೂ ಹೆಚ್ಚು ಜಂಪ್ ಮಾಡಿದ ಒಬ್ಬ ಹಿರಿಯ ಜಂಪರ್ ಕೂತಿದ್ದರು, ಆಕೆಗೇ ನೆತ್ತಿ ತೋರಿಸಿ ಕೇಳಿದೆ. ಆಕೆ ನನ್ನ ತಲೆ ನೋಡಲಿಲ್ಲ. ನನ್ನ ಎದೆಯ ಹತ್ತಿರ ಜೋತಾಡುತ್ತಿದ್ದ ಪಟ್ಟಿಯ ತುದಿ ಹಿಡಿದು ನನ್ನ ಕಣ್ಣ ಮುಂದೆ ಎತ್ತಿದರು. ಒಂದು ಮಾತೂ ಆಡಲಿಲ್ಲ.

ಎದೆಪಟ್ಟಿ ಹಾಕದೆ ಹಾರಿದರೆ ಪ್ಯಾರಾಚೂಟ್ ಬಿಚ್ಚುವ ಎಳೆತಕ್ಕೆ ಹಾರ್ನೆಸ್ ಹೆಗಲಿಂದ ಕಳಚಿ, ಒಳಗಿದ್ದವರು ಕೆಳಗೆ ಜಾರಿಹೋಗಬಹುದು. ಮುಖ್ಯ ಪ್ಯಾರಾಚೂಟ್, ತುರ್ತಿಗಿರುವ ರಿಸರ್ವ್ ಪ್ಯಾರಾಚೂಟ್, ಎರಡೂ ಆ ಹಾರ್ನೆಸ್ಸಿಗೇ ಕಟ್ಟಿರುತ್ತವೆ. ನಾನು ಪಟ್ಟಿ ಹಾಕಿ, ತುದಿ ಸಿಕ್ಕಿಸಿ, ಆ ಲೋಡಿನಲ್ಲಿ ಹಾರದೆ ವಿಮಾನದಲ್ಲೇ ಇಳಿದೆ. ಕೈ ನಡುಗುತ್ತಿತ್ತು. ಕೆಳಗೆ ಬಂದು ವಿಡಿಯೊ ನೋಡಿದರೆ ಕ್ಯಾಮೆರಾ ಆ ಹೊತ್ತಿಗೆಲ್ಲ ಸರಿಯಾಗಿಯೇ ರೆಕಾರ್ಡ್ ಆಗುತ್ತಿತ್ತು. ಆಕೆಯ ಕೈ, ಆ ಪಟ್ಟಿ, ಎಲ್ಲ ಅದರಲ್ಲಿದೆ. ಅಮ್ಮನಿಗೆ ಆ ವಿಡಿಯೊ ಕಳಿಸಿಲ್ಲ.

ನಮ್ಮಲ್ಲಿ ಹಳಬರು ಹೇಳುವ ಒಂದು ಘಟನೆ ಇದೆ. 1988ರ ಏಪ್ರಿಲ್‌ನಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ, 800ಕ್ಕೂ ಹೆಚ್ಚು ಜಂಪ್ ಆಗಿದ್ದ ಕ್ಯಾಮೆರಾಮನ್ ಒಬ್ಬರು ವಿದ್ಯಾರ್ಥಿಯ ಜಂಪ್ ಚಿತ್ರಿಸಲು ವಿಮಾನದಿಂದ ಹಾರಿದರು, ಪ್ಯಾರಾಚೂಟ್ ಇಲ್ಲದೆಯೇ. ಆಗಿನ ವಿಡಿಯೊ ಸಲಕರಣೆಯ ಭಾರ ಮೈಮೇಲೆ ಇತ್ತು, ಆ ಭಾರವನ್ನೇ ಪ್ಯಾರಾಚೂಟಿನ ಭಾರ ಅಂದುಕೊಂಡಿರಬೇಕು ಅನ್ನುವುದು ಊಹೆ. ಮೊದಲು ಇದನ್ನು ಕೇಳಿದಾಗ ಇಂಥ ಮರೆವು ಹೇಗೆ ಸಾಧ್ಯ ಅಂದುಕೊಂಡಿದ್ದೆ. ಆ ಅಕ್ಟೋಬರ್ ಸಂಜೆಯ ಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ. ಗೊತ್ತಿಲ್ಲದವರು ಮಾಡುವ ತಪ್ಪಲ್ಲ ಅದು. ಕೈ ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಹೋಯಿತು, ತಿರುಗಿ ಬರಲಿಲ್ಲ, ಅಷ್ಟೇ.

ಎರಡನೆಯದು ಗದ್ದ. ಇನ್ನೊಂದು ಫುಲ್‌ಫೇಸ್ ಹೆಲ್ಮೆಟ್, ಬಾಯಿಯ ಮುಂದೆ ಕ್ಯಾಮೆರಾ ಕೂರುವಂಥ ಮೌಂಟ್. ಚಿತ್ರ ಮೂರರಲ್ಲೂ ಇದರದೇ ಚೆಂದ. ನೋಡುವವರಿಗೆ ತಾವೇ ಹಾರುತ್ತಿರುವಂತೆ ಇರುತ್ತದೆ, ಕೈಗಳು ಎರಡೂ ಕಾಣುತ್ತವೆ. ಗುಂಡಿಯೂ ಕೈಗೆ ಸಿಗುತ್ತದೆ. ಆದರೆ ಗದ್ದದ ಕೆಳಗೆ ನೋಡುವ ದಾರಿಯನ್ನು ಅದು ಮುಚ್ಚಿತು. ಕಟ್‌ಅವೇ ಹಿಡಿ (ಮುಖ್ಯ ಪ್ಯಾರಾಚೂಟ್ ಕಳಚುವುದು) ಬಲ ಎದೆಯ ಮೇಲೆ, ರಿಸರ್ವ್ ಹಿಡಿ ಎಡ ಎದೆಯ ಮೇಲೆ. ಎಳೆಯುವ ಮುಂಚೆ ಕಣ್ಣಿಂದ ನೋಡಿಯೇ ಹಿಡಿಯಬೇಕು ಅಂತ ಮೊದಲ ದಿನವೇ ಕಲಿಸಿರುತ್ತಾರೆ. ಕನ್ನಡಿ ಮುಂದೆ ರಿಗ್ ತೊಟ್ಟು ನಿಂತು ಪರೀಕ್ಷಿಸಿದೆ. ಕತ್ತು ಪೂರ್ತಿ ಬಗ್ಗಿಸಿದರೆ ಮಾತ್ರ ಹಿಡಿಗಳು ಕಂಡವು. ನನ್ನ ಮುಖದ ಅಳತೆಗೆ ಹಾಗೆ, ನಿಮಗೆ ಬೇರೆ ಇರಬಹುದು. ಹೆಲ್ಮೆಟ್ ಮಾರಿದೆ.

ಮೂರನೆಯದು ಈಗಿನದು. ಮುಖ ತೆರೆದಿರುವ ಕಾರ್ಬನ್ ಕ್ಯಾಮೆರಾ ಹೆಲ್ಮೆಟ್, ಬಲಗಿವಿಯ ಮೇಲೆ ಚಪ್ಪಟೆ ಜಾಗ, ಅಲ್ಲಿ ಉದ್ದಕ್ಕೆ ಮಲಗಿದಂತೆ ಸೋನಿ ಎಕ್ಸ್3000. ಕ್ಯಾಮೆರಾ 2016ರದು, ತಯಾರಿಕೆ ನಿಂತಿದೆ, ನಾನು ಸೆಕೆಂಡ್‌ಹ್ಯಾಂಡ್ ಕೊಂಡೆ. ಬ್ಯಾಟರಿ ಸೇರಿ 114 ಗ್ರಾಂ. ಲೆನ್ಸೇ ತೇಲಿ ಅಲುಗಾಟ ತಡೆಯುವ ವ್ಯವಸ್ಥೆ ಅದರಲ್ಲಿದೆ, ಗಂಟೆಗೆ 190 ಕಿಲೋಮೀಟರ್ ಗಾಳಿಯಲ್ಲೂ ಚಿತ್ರ ನಿಂತ ನೀರಿನ ಹಾಗೆ ಇರುತ್ತದೆ. ಆದರೆ ಇದನ್ನು ಆರಿಸಿದ್ದು ಚಿತ್ರಕ್ಕಾಗಿ ಅಲ್ಲ. ಕ್ಯಾಮೆರಾದಿಂದ ಒಂದು ಸಣ್ಣ ವೈರ್ ಹೆಲ್ಮೆಟ್ಟಿನ ಒಳಗಿಂದ ಬಂದು ಹಣೆಯ ಬಲತುದಿಯಲ್ಲಿ ಅಕ್ಕಿಕಾಳಿನಷ್ಟು ದೀಪವಾಗಿ ನಿಂತಿದೆ. ಗಾಗಲ್ಸ್‌ನ ಮೂಲೆಯಲ್ಲಿ ಕೆಂಪು ಕಂಡರೆ ರೆಕಾರ್ಡ್ ಆಗುತ್ತಿದೆ, ಕಾಣದಿದ್ದರೆ ಇಲ್ಲ. ಯಾರ ಮಂಡಿಯನ್ನೂ ತಟ್ಟಬೇಕಾಗಿಲ್ಲ. ಗುಂಡಿ ಕಿವಿಯ ಪಕ್ಕದಲ್ಲೇ, ಹೆಬ್ಬೆರಳಿಗೆ ಸಿಗುತ್ತದೆ. ಈ ದೀಪದ ಬೆಲೆ ಕೇಳಿ ಮೊದಲು ಬೇಡ ಅಂದಿದ್ದೆ. ಈಗ ಹೆಲ್ಮೆಟ್ಟಿಗಿಂತ ಮೊದಲು ಅದನ್ನು ಕೊಳ್ಳಿ ಅನ್ನುತ್ತೇನೆ.

ದಾರ ಸಿಕ್ಕಿಕೊಳ್ಳುವ ವಿಷಯ. ಪ್ಯಾರಾಚೂಟ್ ಬಿಚ್ಚುವಾಗ ಅದರ ದಾರಗಳು ಹೆಗಲಿಂದ ತಲೆಯ ಎರಡೂ ಪಕ್ಕ ಮೇಲೇಳುತ್ತವೆ. ಎರಡು ಮಿಲಿಮೀಟರೂ ಇಲ್ಲದ ದಾರ ಅದು, ಮೌಂಟ್ ಮತ್ತು ಹೆಲ್ಮೆಟ್ ನಡುವಿನ ಯಾವ ಸಂದಿಗೂ ನುಗ್ಗುತ್ತದೆ. ಹಾಗೆ ಸಿಕ್ಕಿಕೊಂಡಾಗ ಮುಖ್ಯ ಪ್ಯಾರಾಚೂಟ್ ಕಳಚಿ ರಿಸರ್ವಿಗೆ ಹೋಗಬೇಕಾಗಿ ಬಂದರೆ, ಕಳಚಿದ ಪ್ಯಾರಾಚೂಟ್ ನಮ್ಮ ತಲೆಯನ್ನೇ ಹಿಡಿದುಕೊಂಡಿರುತ್ತದೆ. ಅದಕ್ಕೇ ನನ್ನ ಈಗಿನ ಹೆಲ್ಮೆಟ್ಟಿನ ಗದ್ದದ ಪಟ್ಟಿಗೆ ಒಂದೇ ಎಳೆತಕ್ಕೆ ಬಿಚ್ಚುವ ಹಿಡಿ ಇದೆ. ಮೊದಲಿನ ಎರಡರಲ್ಲೂ ಇರಲಿಲ್ಲ. ಪ್ಯಾರಾಚೂಟ್ ಮಡಚಿ ರಿಪೇರಿ ಮಾಡುವ ರಿಗ್ಗರ್ ಹತ್ತಿರ ಒಂದು ಮೀಟರ್ ಹಳೆಯ ದಾರ ಕೇಳಿ ಪಡೆಯಿರಿ, ಹೆಲ್ಮೆಟ್ ಸುತ್ತ ಎಲ್ಲ ದಿಕ್ಕಿನಿಂದಲೂ ಎಳೆಯಿರಿ. ಎಲ್ಲಿ ತಡೆಯುತ್ತದೋ ಅಲ್ಲಿ ತುಂಬಿ ಮುಚ್ಚಿ. ನೆತ್ತಿಯ ಮೌಂಟಿನಲ್ಲಿ ನನಗೆ ಮೂರು ಕಡೆ ತಡೆಯಿತು, ಕಿವಿಪಕ್ಕದಲ್ಲಿ ಒಂದು ಕಡೆ, ಅದನ್ನು ಅಂಟಿನಿಂದ ಮುಚ್ಚಿದೆ.

ಕಿವಿಪಕ್ಕದಲ್ಲಿ ಕೊರತೆ ಇಲ್ಲ ಅಂತಲ್ಲ. ಜನವರಿಯ ಬೆಳಗಿನ ಜಂಪಿನಲ್ಲಿ ಕೆನ್ನೆ ಮರಗಟ್ಟುತ್ತದೆ. ಪ್ಯಾರಾಚೂಟ್ ಬಿಚ್ಚುವಾಗ ತಲೆ ಬಲಕ್ಕೆ ತಿರುಗಿದ್ದರೆ ಹಾರ್ನೆಸ್ಸಿಗೆ ದಾರಗಳನ್ನು ಸೇರಿಸುವ ಪಟ್ಟಿ, ಅಂದರೆ ರೈಸರ್, ಬಂದು ಕ್ಯಾಮೆರಾಗೆ ಹೊಡೆಯುತ್ತದೆ. ಎರಡು ಸಲ ಹೊಡೆದ ಮೇಲೆ, ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟ ಪೈಲಟ್ ಚ್ಯೂಟ್ ಎಸೆದೊಡನೆ ದಿಗಂತ ನೋಡುವ ಅಭ್ಯಾಸ ಆಯಿತು. ಕಾರ್ಬನ್ ಚಿಪ್ಪು ಪೆಟ್ಟು ತಡೆಯುವ ವಿಷಯದಲ್ಲಿ ಹೊಸ ಫುಲ್‌ಫೇಸ್‌ಗಳಿಗೆ ಸಾಟಿಯಲ್ಲ. ಕುಕೀ ಕಂಪನಿಯ ಜಿ4 ನಂಥವು ಪೆಟ್ಟಿನ ಪರೀಕ್ಷೆಯಲ್ಲಿ ಪಾಸಾಗಿ ಬರುತ್ತವೆ, ನನ್ನದು ಬರುವುದಿಲ್ಲ. ತಲೆಗೆ ಪೆಟ್ಟು ಬೀಳುವ ಸಂಭವ ಹೆಚ್ಚಿರುವ ದೊಡ್ಡ ಗುಂಪಿನ ಜಂಪ್ ನಿಮ್ಮ ಇಷ್ಟವಾದರೆ ಇದನ್ನು ತೂಗಿ ನೋಡಲೇಬೇಕು.

ಗಾಳಿಯ ಸದ್ದೂ ಹೆಚ್ಚು. ಎತ್ತರ ಬಂದಾಗ ಕಿವಿಯಲ್ಲಿ ಕೂಗುವ ಆಲ್ಟಿಮೀಟರ್ ಒಂದಿದ್ದದ್ದು ಎರಡಾಯಿತು, ಕಿವಿಗೊಂದು. ಕ್ಯಾಮೆರಾ ಹಿಡಿದವರ ಕಣ್ಣು ಯಾವಾಗಲೂ ಎದುರಿನವರ ಮೇಲೆ ಇರುತ್ತದೆ, ಕೈಯ ಮೀಟರ್ ಮೇಲೆ ಅಲ್ಲ. ಸಾವಿರ ಅಡಿ ಇಳಿಯಲು ಆರು ಸೆಕೆಂಡೂ ಬೇಡ. ಸಿ, ಡಿ ಲೈಸೆನ್ಸಿನವರು 2,500 ಅಡಿಗಿಂತ ಕೆಳಗಿಳಿಯುವ ಮೊದಲೇ ಬಿಚ್ಚಲೇಬೇಕು ಅನ್ನುತ್ತದೆ ನಿಯಮ. ಕ್ಯಾಮೆರಾ ಇದ್ದ ದಿನ ನಾನು 4,000ಕ್ಕೇ ಬಿಚ್ಚುತ್ತೇನೆ. ಯಾರೂ ಏನೂ ಮಾಡದಿದ್ದರೆ ರಿಸರ್ವ್ ತೆರೆಯಲು ಬೆನ್ನಲ್ಲಿ ಸೈಪ್ರಸ್ ಅನ್ನುವ, ತಾನಾಗಿಯೇ ಕೆಲಸ ಮಾಡುವ ಸಾಧನ ಇದೆ ನಿಜ, ಅದು 1991ರಿಂದ ಎಷ್ಟೋ ಜೀವ ಉಳಿಸಿದೆ. ಆದರೆ ಅನುಭವಿಗಳ ಮಾದರಿ ಎಚ್ಚರಗೊಳ್ಳುವುದು ಸುಮಾರು 750 ಅಡಿಯಲ್ಲಿ. ಅಲ್ಲಿಯವರೆಗೆ ಹೋಗುವ ಲೆಕ್ಕ ಯಾರೂ ಹಾಕಬಾರದು.

ಅಭ್ಯಾಸಗಳಲ್ಲಿ ಬದಲಾದದ್ದು ಕ್ರಮ. ಮೊದಲು ಕ್ಯಾಮೆರಾದ ಕೆಲಸ, ಮೇಜಿನ ಮೇಲೆ: ಬ್ಯಾಟರಿ, ಕಾರ್ಡು, ಲೆನ್ಸ್ ಒರೆಸುವುದು. ಅದು ಮುಗಿದ ಮೇಲೇ ರಿಗ್ಗಿಗೆ ಕೈ. ರಿಗ್ ಬೆನ್ನೇರಿದ ಮೇಲೆ ಮೂರು ಮೂರು ಮೂರು: ಹೆಗಲಿನ ಮೂರು ಉಂಗುರಗಳ ಬಿಡುಗಡೆ (ಮುಖ್ಯ ಪ್ಯಾರಾಚೂಟ್ ಕಳಚುವುದು ಇಲ್ಲಿಂದ), ಹಾರ್ನೆಸ್ಸಿನ ಮೂರು ಕಡೆ ಅಂದರೆ ಎದೆ ಮತ್ತು ಎರಡು ತೊಡೆ, ಮೂರು ಹಿಡಿಗಳು, ಅಂದರೆ ಪೈಲಟ್ ಚ್ಯೂಟಿನದು, ಕಟ್‌ಅವೇ, ರಿಸರ್ವ್. ನಡುವೆ ಯಾರಾದರೂ ಮಾತಾಡಿಸಿದರೆ ಬಿಟ್ಟ ಕಡೆಯಿಂದ ಮುಂದುವರಿಯುವುದಿಲ್ಲ, ಮೊದಲಿಂದ ಶುರು. ವಿಮಾನದಲ್ಲಿ ಹತ್ತು ಸಾವಿರಕ್ಕೆ ಮತ್ತೆ ಅದೇ, ಆಮೇಲೆ ಪ್ಯಾರಾಚೂಟಿನ ಚೀಲ ಮುಚ್ಚಿಟ್ಟಿರುವ ಬೆನ್ನಿನ ಪಿನ್ ಪಕ್ಕದವರಿಂದ ನೋಡಿಸುವುದು, ಹೆಲ್ಮೆಟ್, ಎಲ್ಲಕ್ಕಿಂತ ಕೊನೆಗೆ ಕ್ಯಾಮೆರಾ. ಗುಂಡಿ ಒಂದು ಸಲ ಒತ್ತುತ್ತೇನೆ. ದೀಪ ಬರದಿದ್ದರೆ ಅವತ್ತಿನ ಜಂಪಿಗೆ ವಿಡಿಯೊ ಇಲ್ಲ. ಈ ಮುನ್ನೂರರಲ್ಲಿ ಹಾಗೆ ಆದದ್ದು ಏಳೆಂಟು ಸಲ.

ಯಾರಿಗೆ ಯಾವುದು? ವಾರಾಂತ್ಯಕ್ಕೆ ಎರಡು ಜಂಪ್ ಮಾಡುವವರು, ಫುಲ್‌ಫೇಸ್ ಆಗಲೇ ಇದೆ, ಇನ್ನು ಖರ್ಚು ಬೇಡ ಅನ್ನುವವರು ನೆತ್ತಿಯಲ್ಲೇ ಇರಿ, ಆದರೆ ದೊಡ್ಡ ಚೌಕದ ಬದಲು ಗೋಪ್ರೋದ ಹಳೆಯ ಸೆಷನ್ ಹುಡುಕಿ. 74 ಗ್ರಾಮಿನ ಪುಟ್ಟ ಘನ, ಎತ್ತರ ಕಡಿಮೆ, ಒಂದೇ ಗುಂಡಿಗೆ ಆನ್ ಆಗಿ ರೆಕಾರ್ಡೂ ಶುರು. ದೀಪವನ್ನೂ ಹಾಕಿಸಿ. ತಿಂಗಳಿಗೆ ಇಪ್ಪತ್ತು ಜಂಪ್, ಬೇರೆಯವರನ್ನು ಚಿತ್ರಿಸುವ ಆಸೆ ಇದ್ದರೆ ನೇರ ಕಿವಿಪಕ್ಕಕ್ಕೆ ಬನ್ನಿ. ನನಗೆ ಹೆಲ್ಮೆಟ್, ದೀಪ, ಹಳೆಯ ಕ್ಯಾಮೆರಾ ಸೇರಿ 700 ಡಾಲರ್ ಹತ್ತಿರ ಆಯಿತು. ಮೊದಲೇ ಇದನ್ನೇ ಕೊಂಡಿದ್ದರೆ ಎರಡು ಫುಲ್‌ಫೇಸ್‌ಗಳ ದುಡ್ಡು ಉಳಿಯುತ್ತಿತ್ತು.

ಮೊದಲ ಫುಲ್‌ಫೇಸ್ ಇನ್ನೂ ನನ್ನಲ್ಲೇ ಇದೆ. ನೆತ್ತಿಯ ಪ್ಯಾಡ್ ಕಿತ್ತು, ಅಂಟು ಉಜ್ಜಿ ತೆಗೆದು, ಈಗ ವಿಂಡ್ ಟನಲ್ ಅಭ್ಯಾಸಕ್ಕೆ ಹಾಕಿಕೊಳ್ಳುತ್ತೇನೆ. ಅವತ್ತು ಎದೆಪಟ್ಟಿ ಎತ್ತಿ ಹಿಡಿದ ಆಕೆ ಹೋದ ತಿಂಗಳು ನನ್ನ ದೀಪ ನೋಡಿ, ತಮ್ಮ ಹೆಲ್ಮೆಟ್ಟಿಗೂ ಒಂದು ಹಾಕಿಕೊಡು ಅಂದರು. ಮುಂದಿನ ಶನಿವಾರ ಕೂತು ವೈರ್ ಎಳೆಯಬೇಕು.