ಲಾಕಪ್ ಡೆತ್ ಕಡತವನ್ನೂ ನಂಬಿ ಕೊಡಬಹುದಾದ ಬಳ್ಳಾರಿಯ ಜೆರಾಕ್ಸ್ ಅಂಗಡಿ

ಕೋರ್ಟಿನ ಹಿಂದಿನ ಗಲ್ಲಿಯಲ್ಲಿ, ಬೇವಿನ ಮರ ದಾಟಿದ ಮೇಲೆ, ಹಸಿರು ಶಟರಿನ ಜೆರಾಕ್ಸ್ ಅಂಗಡಿ ಒಂದಿದೆ. ಹೆಸರು ಹಾಕೋಣ ಅಂತಿದ್ದೆ. ಯಜಮಾನರು ಬೇಡ ಅಂದರು. ‘ಪೊಲೀಸ್ನೋರೂ ನಮ್ ಗಿರಾಕಿಗಳೇ ಅದಾರ್ರಿ ಮೇಡಂ’ ಅಂತ ಕಾರಣ ಕೊಟ್ಟರು. ನ್ಯಾಯವಾದ ಮಾತೇ.

ಜೆರಾಕ್ಸ್ ಅಂಗಡಿಗೆ ಇಷ್ಟುದ್ದ ಬರೆಯೋದು ಯಾಕೆ ಅಂದರೆ ನನ್ನ ಕಸುಬು ಅಂಥದ್ದು. ನಿವೃತ್ತಿಗೆ ಮುಂಚೆ ಸರ್ಕಾರದ ಒಂದು ಕಾನೂನು ತಂಡದ ಮುಖ್ಯಸ್ಥೆಯಾಗಿದ್ದೆ. ಪೊಲೀಸರ ವಶದಲ್ಲಿದ್ದವರು ಸತ್ತರೆ, ಇಲ್ಲವೇ ಪೊಲೀಸರ ಗುಂಡಿಗೆ ಯಾರಾದರೂ ಸತ್ತರೆ, ಆ ತನಿಖೆ ನೋಡೋದು ನಮ್ಮ ಕೆಲಸ. ಆಗಿನ ಕಡತಗಳು ಕಚೇರಿ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ ಬಿಡಿ. ಈಗ ಬಳ್ಳಾರಿಗೆ ವಾಪಸ್ ಬಂದು ಅಂಥ ಮನೆಗಳವರಿಗೆ ಸಲಹೆ ಕೊಡುತ್ತೇನೆ. ಅವರು ಕೋರ್ಟಿನಿಂದ ಪಡೆದ ಸರ್ಟಿಫೈಡ್ ಕಾಪಿಗಳು ಈ ಅಂಗಡಿಗೆ ಹೋಗುತ್ತವೆ.

ಮೊದಲು ಮೆಚ್ಚಿದ್ದು, ಇಲ್ಲಿನ ಹುಡುಗ ಹಾಳೆಯ ಹಿಂಭಾಗ ನೋಡುತ್ತಾನೆ. ಬೇರೆ ಕಡೆ ಕಟ್ಟು ಹಾಕಿ ಸರ್ರನೆ ಒಂದೇ ಮಗ್ಗುಲು ತೆಗೆದು ಕೊಟ್ಟುಬಿಡುತ್ತಾರೆ. ಇವನು ಒಂದು ಎಫ್‌ಐಆರ್ ತಿರುಗಿಸಿ, ‘ಹಿಂದ್ಲ ಮಗ್ಗಲಕ್ಕೂ ಸೀಲ್ ಐತ್ರಿ, ತೆಗೀಲೇನ್ರಿ?’ ಅಂತ ಕೇಳಿದ. ಎಫ್‌ಐಆರ್ ಮ್ಯಾಜಿಸ್ಟ್ರೇಟರ ಕೈಗೆ ಯಾವ ಗಳಿಗೆಯಲ್ಲಿ ಸೇರಿತು ಅನ್ನೋ ಬರಹ ಅಲ್ಲಿತ್ತು. ಸಂಜೆ ಬರೆದದ್ದು ಅಂತ ಹೇಳುವ ಎಫ್‌ಐಆರ್ ಮಾರನೇ ದಿನ ಮಧ್ಯಾಹ್ನ ಕೋರ್ಟ್ ಮುಟ್ಟಿದ್ದರೆ, ನಡುವೆ ಏನಾಯಿತು ಅಂತ ಕೇಳಲು ಆ ಒಂದು ಸಾಲು ಸಾಕು.

ಎರಡನೆಯದು ಬಣ್ಣ. ಪೋಸ್ಟ್‌ಮಾರ್ಟಂ ಫೋಟೋಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದರೆ ಎಲ್ಲ ಗಾಯವೂ ಮಸಿ ಬಳಿದ ಹಾಗೆ ಕಾಣುತ್ತದೆ. ಬಾಸುಂಡೆ ಮೊದಲು ಕೆಂಪಗೆ, ಆಮೇಲೆ ನೀಲಿ, ದಿನ ಕಳೆದಂತೆ ಹಸಿರು, ಕೊನೆಗೆ ಹಳದಿ. ಬಣ್ಣ ನೋಡಿ ಗಂಟೆ ಲೆಕ್ಕ ಹಾಕೋಕೆ ಆಗಲ್ಲ, ಡಾಕ್ಟರೂ ಹಾಗೆ ಹೇಳಲ್ಲ. ಆದರೆ ‘ಬಂಧಿಸೋಕೆ ಮುಂಚೆಯೇ ಬಿದ್ದು ಪೆಟ್ಟು ಮಾಡಿಕೊಂಡಿದ್ದ’ ಅನ್ನುವ ಹೇಳಿಕೆ ಎದುರಿಗಿದ್ದಾಗ ಹಳೇ ಗಾಯ ಯಾವುದು, ಹೊಸದು ಯಾವುದು ಅಂತ ಡಾಕ್ಟರನ್ನು ಕೇಳಲಾದರೂ ಬಣ್ಣ ಬೇಕಲ್ವಾ? ಈ ಅಂಗಡಿಯಲ್ಲಿ ಫೋಟೋ ಇದ್ದರೆ ಕೇಳದೇ ಕಲರ್ ಸ್ಕ್ಯಾನ್ ಮಾಡುತ್ತಾರೆ. ಅದಕ್ಕಿಂತ ಮುಖ್ಯ, ಸ್ಕ್ಯಾನರಿನ ಆಟೋ ಎನ್‌ಹ್ಯಾನ್ಸ್ ಆಫ್ ಮಾಡಿಟ್ಟಿರುತ್ತಾರೆ. ಮೊಬೈಲ್ ಸ್ಕ್ಯಾನ್ ಆಪ್‌ಗಳು ಹಾಳೆ ಬೆಳ್ಳಗೆ ಕಾಣಲಿ ಅಂತ ಮಾಸಿದ ಕಾರ್ಬನ್ ಅಕ್ಷರ, ತಿಳಿ ನೀಲಿ ಸೀಲು, ಪೆನ್ಸಿಲ್ ಗುರುತು ಎಲ್ಲ ನುಂಗಿಬಿಡುತ್ತವೆ. ಸ್ಟೇಷನ್ ಡೈರಿಯ ಪ್ರತಿಯಲ್ಲಿ ತಿದ್ದಿದ ಗಂಟೆ ಕಾಣದೇ ಹೋದರೆ ಆ ಹಾಳೆ ಯಾಕೆ ಬೇಕು?

ನಮ್ಮ ತಂಡಕ್ಕೆ ಹೊಸ ಪ್ರಾಸಿಕ್ಯೂಟರ್ ಬಂದರೆ ನಾನು ಮೊದಲ ವಾರ ಅಭಿಪ್ರಾಯ ಬರೆಯಲು ಬಿಡುತ್ತಿರಲಿಲ್ಲ. ಗಂಟೆ ಮಾತ್ರ ಬರೀರಿ ಅನ್ನುತ್ತಿದ್ದೆ. ಹಿಡಿದದ್ದು ಎಷ್ಟು ಹೊತ್ತಿಗೆ, ಡೈರಿಯಲ್ಲಿ ಬರೆದದ್ದು ಎಷ್ಟು ಹೊತ್ತಿಗೆ, ವೈದ್ಯಕೀಯ ತಪಾಸಣೆ ಯಾವಾಗ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರಾ, ಆಸ್ಪತ್ರೆಯ ರಿಜಿಸ್ಟರಿನಲ್ಲಿ ಏನಿದೆ, ಮನೆಯವರಿಗೆ ಯಾರು ಫೋನ್ ಮಾಡಿದರು. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಬಂಧನದ ವೇಳೆಗೇ ಮೆಮೊ ಬರೆಯಬೇಕು, ಅದರ ಮೇಲೆ ಸಾಕ್ಷಿ ಸಹಿ ಇರಬೇಕು ಅಂತ ಹೇಳಿದ್ದು ಸುಮ್ನೆ ಅಲ್ಲ. ಕಸ್ಟಡಿ ಸಾವು ಆದ 24 ಗಂಟೆಯೊಳಗೆ ತನಗೆ ತಿಳಿಸಬೇಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲೇ ಹೇಳಿದೆ. ಪೋಸ್ಟ್‌ಮಾರ್ಟಂ ವಿಡಿಯೊ ಮಾಡಿ ಅಂತ 1995ರಲ್ಲಿ ಹೇಳಿತು. ಎಲ್ಲವೂ ಗಂಟೆ ಮತ್ತು ಕಾಗದದ ಮೇಲೇ ನಿಂತಿದೆ.

ಹಾಗಾಗಿ ಪುಟಸಂಖ್ಯೆ ಹಾಕಿ ಇಂಡೆಕ್ಸ್ ಮಾಡಿಕೊಡುವ ಇವರ ಸೇವೆಗೆ ನನ್ನಿಂದ ಪೂರ್ತಿ ಅಂಕ. ಹಳೇ ಪುಟಸಂಖ್ಯೆ ಹೊಡೆದುಹಾಕದೆ, ಹೊಸದನ್ನು ಮೇಲಿನ ಬಲ ಮೂಲೆಯಲ್ಲಿ ಹಾಕುತ್ತಾರೆ. ಹಳೇ ಸಂಖ್ಯೆಯಲ್ಲಿ ಒಂದು ಹಾರಿದ್ದರೆ ಚೀಟಿ ಅಂಟಿಸಿ ತೋರಿಸುತ್ತಾರೆ. ಯಾರ ಕಡೆಯಿಂದ ಹಾರಿತು ಅಂತ ಅವರಿಗೆ ಬೇಕಿಲ್ಲ. ನನಗೆ ಬೇಕು.

ಅನುವಾದದಲ್ಲಿ ಇವರದು ಅರ್ಧಂಬರ್ಧ. ನಮ್ಮ ಕಡೆ ಸಾಕ್ಷಿ ತೆಲುಗಿನಲ್ಲಿ ಹೇಳುತ್ತಾನೆ, ಹೇಳಿಕೆ ಕನ್ನಡದಲ್ಲಿ ಬರೆದಿರುತ್ತಾರೆ, ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವಾಗ ಇಂಗ್ಲಿಷ್ ಬೇಕು. ರಾಯಚೂರಿನವರಾದರೆ ಕಲಬುರಗಿ ಪೀಠ, ಪಾಡು ಮಾತ್ರ ಇದೇ. ಸಾದಾ ಹೇಳಿಕೆಗಳನ್ನು ಇಲ್ಲಿ ಚೆನ್ನಾಗಿಯೇ ಟೈಪ್ ಮಾಡುತ್ತಾರೆ. ಆದರೆ ಆಸ್ಪತ್ರೆಯ ಕಾಗದ ಕನ್ನಡಕ್ಕೆ ತಂದುಕೊಡಿ ಅಂದರೆ ಯಜಮಾನರು ಕೈ ಮುಗಿಯುತ್ತಾರೆ. ಗೊತ್ತಿಲ್ಲದ್ದನ್ನು ಗೀಚಿ ಕೊಡೋದಕ್ಕಿಂತ ಅದೇ ವಾಸಿ. ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲುಗಳನ್ನು ಯೂನಿಕೋಡಿಗೆ ತಂದಾಗ ಒತ್ತಕ್ಷರಗಳು ಎತ್ತೆತ್ತಲೋ ಹೋಗುತ್ತವೆ. ಕೂತು ಓದಿ ತಿದ್ದಿಸಿಕೊಳ್ಳಿ.

ಸಿಡಿ, ಪೆನ್‌ಡ್ರೈವ್ ಕೆಲಸವನ್ನು ಮಾತ್ರ ಇಲ್ಲಿ ಕೊಡಬೇಡಿ. ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆ ಇವರ ಬಳಿ ಇದೆ. ಸಾಧನ ಯಾರ ಸುಪರ್ದಿಯಲ್ಲಿತ್ತೋ ಅವರ ಸಹಿಗೆ ಒಂದು ಭಾಗ, ತಜ್ಞರ ಸಹಿಗೆ ಇನ್ನೊಂದು. ‘ಪ್ರಿಂಟ್ ಕೊಡ್ತೀನ್ರಿ, ಸಹಿ ನಾ ಮಾಡಂಗಿಲ್ಲ’ ಅನ್ನುತ್ತಾರೆ. ಸರಿಯಾಗೇ ಹೇಳುತ್ತಾರೆ.

ಇಲ್ಲಿಗೆ ಬರುವವರಲ್ಲಿ ಬಹಳ ಮಂದಿ ತಡವಾಗಿ ಬರುತ್ತಾರೆ. ಠಾಣೆಗಳ ಸಿಸಿಟಿವಿ ದೃಶ್ಯ 18 ತಿಂಗಳು ಇಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಅದಾಗದಿದ್ದರೂ ವರ್ಷಕ್ಕೆ ಕಡಿಮೆ ಆಗಬಾರದು. ಆ ಅವಧಿ ನಂಬಿ ಕೂರಬೇಡಿ, ಮೊದಲ ವಾರವೇ ಅರ್ಜಿ ಹಾಕಿ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡೋದಾದರೂ ಘಟನೆ ನಡೆದ ಒಂದು ವರ್ಷದೊಳಗೆ. ಕಸ್ಟಡಿ ಸಾವಿನ ಬಗ್ಗೆ ಮ್ಯಾಜಿಸ್ಟ್ರೇಟರು ನಡೆಸುವ ವಿಚಾರಣೆಯಲ್ಲಿ ಮನೆಯವರು ಹಾಜರಿರಬಹುದು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 196ನೇ ಕಲಮಿನಲ್ಲಿ ಅದು ಇದೆ. ಸಿರುಗುಪ್ಪ ಕಡೆಯ ಅಜ್ಜಿಯೊಬ್ಬರಿಗೆ ಇದನ್ನು ಮೊದಲು ಹೇಳಿದ್ದು ಈ ಜೆರಾಕ್ಸ್ ಹುಡುಗನೇ. ‘ಅವ್ವಾ, ನೀವೂ ಹೋಗಿ ಕುಂದರಬಹುದಂತ ನೋಡ್ರಿ, ಮೇಡಂ ಹೇಳ್ತಿರ್ತಾರ’ ಅಂತ. ಫೀಸು ಕೊಡೋಕೆ ಆಗದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೇ ಉಚಿತ ವಕೀಲರು ಸಿಗುತ್ತಾರೆ.

ದೂರುಗಳೂ ಇವೆ. ಅಂಗಡಿಯೊಳಗೆ ಫ್ಯಾನ್ ಒಂದೇ, ಅದೂ ಮಷಿನ್ ಕಡೆ ತಿರುಗಿರುತ್ತದೆ. ಬಳ್ಳಾರಿಯ ಏಪ್ರಿಲ್ ಹೇಗಿರುತ್ತೆ ಅಂತ ಹೇಳಬೇಕಿಲ್ಲ. ಗಿರಾಕಿಗಳ ಕಾಗದ ಕೌಂಟರಿನ ಮೇಲೆ ಬಿಚ್ಚಿದ ಹಾಗೇ ಬಿದ್ದಿರುತ್ತದೆ, ಪಕ್ಕದವರು ಓದಬಹುದು. ಇಂಥ ಕೇಸುಗಳಲ್ಲಿ ಅದು ಸಣ್ಣ ವಿಷಯ ಅಲ್ಲ. ಹೇಳಿದ ಮೇಲೆ ನನ್ನ ಕಟ್ಟನ್ನು ಒಳಗಿಡುತ್ತಾರೆ, ನೀವೂ ಬಾಯಿಬಿಟ್ಟು ಹೇಳಿ. ಕಲರ್ ಪ್ರತಿಗೆ ರೇಟು ಉಳಿದ ಅಂಗಡಿಗಳಿಗಿಂತ ಜಾಸ್ತಿ.

ಸೋಮವಾರ ಬೆಳಿಗ್ಗೆ ಹೋಗಬೇಡಿ, ವಕೀಲರ ಗುಮಾಸ್ತರು ಮುತ್ತಿಕೊಂಡಿರುತ್ತಾರೆ. ಊಟದ ಹೊತ್ತಿನ ನಂತರ ವಾಸಿ. ಫೋನ್‌ಪೇ ನಡೆಯುತ್ತದೆ. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಿ.